ಮುಟ್ಟದೆ ಕೊಡುವ ದುಡ್ಡು

ಹೊಸರಿತ್ತಿಯಿಂದ ಹಾವೇರಿಗೆ ಹೋಗುವ ಬಸ್ಸಿನಲ್ಲಿ ಈಗ ಎರಡು ಬಗೆಯ ಮಾತು ಕೇಳುತ್ತದೆ. ‘ಚಿಲ್ರೆ ತಗೀರಿ’ ಎಂಬುದು ಹಳೆಯದು. ‘ಫೋನ್‌ಪೇ ಮಾಡ್ತೀರೇನ್ರಿ?’ ಎಂಬುದು ಹೊಸದು. ಮೊದಲನೆಯದಕ್ಕೆ ಅಂಗಿಯ ಕಿಸೆ, ಎಲೆಅಡಿಕೆಯ ಸಂಚಿ, ಧೋತರದ ಗಂಟು ಉತ್ತರ ಕೊಡುತ್ತಿದ್ದವು. ಎರಡನೆಯದಕ್ಕೆ ಅಂಗೈಯಗಲದ ಗಾಜು ಉತ್ತರ ಕೊಡುತ್ತದೆ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ 2023ರಲ್ಲಿ ಬಸ್ಸುಗಳಲ್ಲಿ ಯುಪಿಐ ಮೂಲಕ ಹಣ ಪಡೆಯುವುದನ್ನು ಪ್ರಾಯೋಗಿಕವಾಗಿ ಆರಂಭಿಸಿತು. ಮರುವರ್ಷ ಬೆಂಗಳೂರು, ಮೈಸೂರು ಕಡೆಯ ಕೆಎಸ್‌ಆರ್‌ಟಿಸಿಯೂ ಅದೇ ದಾರಿ ಹಿಡಿಯಿತು. ಕಪ್ಪುಬಿಳುಪು ಚುಕ್ಕಿಗಳ ಒಂದು ಚೌಕ ಕಂಡಕ್ಟರರ ಚರ್ಮದ ಚೀಲದ ಪಕ್ಕದಲ್ಲೇ ಜಾಗ ಮಾಡಿಕೊಂಡಿದೆ.

ಇಂಥ ವ್ಯವಸ್ಥೆಗಳಿಗೆಲ್ಲ ಪತ್ರಿಕೆಗಳ ಕನ್ನಡದಲ್ಲಿ ‘ಸ್ಪರ್ಶರಹಿತ ಪಾವತಿ’ ಎಂಬ ಹೆಸರು ಚಲಾವಣೆಗೆ ಬಂದಿದೆ. ಇಂಗ್ಲಿಷಿನ ‘ಕಾಂಟ್ಯಾಕ್ಟ್‌ಲೆಸ್’ ಎಂಬುದಕ್ಕೆ ಇದು ಪದಕ್ಕೆ ಪದ. ಭಾಷಾಂತರಕಾರರು ತಪ್ಪೇನೂ ಮಾಡಿಲ್ಲ. ಆದರೆ ಲಂಡನ್ನಿನಲ್ಲಿ ಆ ಶಬ್ದ ಹೇಳುವುದು ಒಂದು ತಾಂತ್ರಿಕ ಸಂಗತಿಯನ್ನು ಮಾತ್ರ. ಕಾರ್ಡನ್ನು ಯಂತ್ರದೊಳಗೆ ತೂರಿಸಬೇಕಿಲ್ಲ, ನಾಲ್ಕು ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಸಾಕು ಎಂದಷ್ಟೇ. ನಮ್ಮ ನೆಲದಲ್ಲಿ ‘ಸ್ಪರ್ಶರಹಿತ’ ಎಂದ ಕೂಡಲೇ ಶಬ್ದ ಅಲ್ಲಿಗೇ ನಿಲ್ಲುವುದಿಲ್ಲ. ಮುಟ್ಟದೆ ಕೊಡುವುದು, ಮುಟ್ಟದೆ ತೆಗೆದುಕೊಳ್ಳುವುದು ಇಲ್ಲಿ ಯಂತ್ರ ಬರುವುದಕ್ಕಿಂತ ನೂರಾರು ವರ್ಷ ಮೊದಲೇ ಇತ್ತು. ಅಂಗಡಿಯ ಕಟ್ಟೆಯ ಮೇಲೆ ನಾಣ್ಯ ಇಟ್ಟು ಹಿಂದೆ ಸರಿಯಬೇಕಾಗಿದ್ದವರು, ಮೇಲಿನಿಂದ ಬೊಗಸೆಗೆ ಬಿದ್ದ ಚಿಲ್ಲರೆಯನ್ನು ಆಯ್ದುಕೊಂಡವರು, ನೀರು ಚಿಮುಕಿಸಿ ಶುದ್ಧಮಾಡಿದ ನಾಣ್ಯ ಪೆಟ್ಟಿಗೆ ಸೇರುವುದನ್ನು ದೂರ ನಿಂತು ನೋಡಿದವರು ಈ ಶಬ್ದವನ್ನು ಹೇಗೆ ಓದುತ್ತಾರೆ? ಅವರ ಪಾಲಿಗೆ ಸ್ಪರ್ಶರಹಿತ ವ್ಯವಹಾರ ಹೊಸ ಸೌಲಭ್ಯವಲ್ಲ, ಹಳೆಯ ಗಾಯ.

ಸಾರಿಗೆಯ ಚರಿತ್ರೆಯಲ್ಲಿ ಈ ಗಾಯದ ಗುರುತು ಬಹಳ ಸ್ಪಷ್ಟವಾಗಿದೆ. ಅಂಬೇಡ್ಕರರು ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಸಣ್ಣ ಆತ್ಮಕಥನದಲ್ಲಿ 1901ರ ಒಂದು ಪ್ರಯಾಣವನ್ನು ನೆನೆದಿದ್ದಾರೆ. ಆಗ ಅವರಿಗೆ ಒಂಬತ್ತು ವರ್ಷದ ಆಸುಪಾಸು. ಅಣ್ಣ ಹಾಗೂ ಅಕ್ಕನ ಇಬ್ಬರು ಮಕ್ಕಳ ಜೊತೆ ತಂದೆಯನ್ನು ನೋಡಲು ರೈಲಿನಲ್ಲಿ ಹೊರಟು ಮಸೂರ್ ಸ್ಟೇಷನ್ನಿನಲ್ಲಿ ಇಳಿದರು. (ಇದು ನಮ್ಮ ಹಾವೇರಿ ಜಿಲ್ಲೆಯ ಮಾಸೂರಲ್ಲ, ಸಾತಾರಾ ಸೀಮೆಯದು.) ಒಳ್ಳೆಯ ಬಟ್ಟೆ ತೊಟ್ಟ ಮಕ್ಕಳನ್ನು ಕಂಡು ವಿಚಾರಿಸಲು ಬಂದ ಸ್ಟೇಷನ್ ಮಾಸ್ತರ ಅವರು ಮಹಾರರ ಮಕ್ಕಳೆಂದು ತಿಳಿದೊಡನೆ ಹಿಂದೆ ಸರಿದ. ಬಾಡಿಗೆ ಗಾಡಿಗಳು ಬೇಕಾದಷ್ಟಿದ್ದವು, ಆದರೆ ಒಬ್ಬ ಗಾಡಿಯವನೂ ಒಪ್ಪಲಿಲ್ಲ. ಕೊನೆಗೆ ಕುದುರಿದ ಒಪ್ಪಂದವೆಂದರೆ ಇದು: ಮಕ್ಕಳು ಎರಡು ಪಟ್ಟು ಬಾಡಿಗೆ ಕೊಡಬೇಕು, ಎತ್ತುಗಳನ್ನು ತಾವೇ ಹೊಡೆದುಕೊಂಡು ಹೋಗಬೇಕು, ಗಾಡಿಯ ಒಡೆಯ ಪಕ್ಕದಲ್ಲಿ ನಡೆದು ಬರುತ್ತಾನೆ.

ಈ ಪ್ರಸಂಗವನ್ನು ಅಸ್ಪೃಶ್ಯತೆಯ ಕ್ರೌರ್ಯಕ್ಕೆ ಉದಾಹರಣೆಯಾಗಿ ಎಲ್ಲರೂ ಹೇಳುತ್ತಾರೆ. ನಮಗೆ ಅದರಲ್ಲಿ ಎದ್ದು ಕಾಣುವುದು ಹಣದ ನಡತೆ. ಮಕ್ಕಳ ಮೈ ಮೈಲಿಗೆ, ಮಕ್ಕಳ ದುಡ್ಡು ಮಾತ್ರ ಮಡಿ! ಅದೂ ಎರಡು ಪಟ್ಟು ಮಡಿ. ಅಮೆರಿಕದ ಮಾಂಟ್‌ಗೊಮರಿಯಲ್ಲೂ ಇದೇ ನ್ಯಾಯವಿತ್ತು. 1955ರ ಡಿಸೆಂಬರಿನಲ್ಲಿ ರೋಸಾ ಪಾರ್ಕ್ಸ್ ಸೀಟು ಬಿಟ್ಟೇಳಲು ನಿರಾಕರಿಸುವವರೆಗೂ, ಅದರ ನಂತರವೂ ಕೆಲಕಾಲ, ಆ ಊರಿನ ಕರಿಯರು ಮುಂದಿನ ಬಾಗಿಲಲ್ಲಿ ಹತ್ತಿ ಚಾಲಕನಿಗೆ ಹಣ ಕೊಟ್ಟು, ಮತ್ತೆ ಕೆಳಗಿಳಿದು, ಹಿಂದಿನ ಬಾಗಿಲಿನಿಂದ ಏರಬೇಕಾಗುತ್ತಿತ್ತು. ಹಣಕ್ಕೆ ಮುಂದಿನ ಬಾಗಿಲು, ಮೈಗೆ ಹಿಂದಿನದು.

ಹಾಗಾದರೆ ಕೈ ಕೈ ತಾಗದ ಈ ಹೊಸ ವ್ಯವಸ್ಥೆಯನ್ನು ನಾವು ಅನುಮಾನಿಸಬೇಕೋ, ಸ್ವಾಗತಿಸಬೇಕೋ? ಉತ್ತರ ಅಷ್ಟು ಸರಳವಾಗಿಲ್ಲ. ದಲಿತ ಕೇರಿಯ ಹುಡುಗನೊಬ್ಬ, ‘ನನ್ನ ಅಜ್ಜನ ಕೈಗೆ ಮೇಲಿನಿಂದ ಚಿಲ್ಲರೆ ಬೀಳುತ್ತಿತ್ತು, ನನ್ನ ಫೋನಿಗೆ ಯಾರೂ ಮೇಲಿನಿಂದ ಏನನ್ನೂ ಎಸೆಯಲಾರರು’ ಎಂದರೆ ಅದಕ್ಕೆ ಎದುರಾಡುವ ನೈತಿಕ ಅಧಿಕಾರ ನಮ್ಮಲ್ಲಿ ಯಾರಿಗೂ ಇಲ್ಲ. ಯಂತ್ರಕ್ಕೆ ಕುಲ ಗೊತ್ತಿಲ್ಲ. ನಗದು ಹಣವನ್ನು ಮನುಷ್ಯ ಸಂಬಂಧದ ಸಂಕೇತವೆಂದು ಹಾಡಿ ಹೊಗಳುವ ನಮ್ಮ ಕೆಲವು ಲೇಖಕರು ಈ ಮಾತನ್ನು ಮರೆಯುತ್ತಾರೆ. ಹಳ್ಳಿಯ ಆ ‘ಸಂಬಂಧ’ ಎಲ್ಲರಿಗೂ ಒಂದೇ ಆಗಿರಲಿಲ್ಲ.

ಆದರೆ ಯಂತ್ರಕ್ಕೆ ಕುಲ ಗೊತ್ತಿಲ್ಲದ ಮಾತ್ರಕ್ಕೆ ಯಂತ್ರದ ಪಕ್ಕದಲ್ಲಿ ನಿಂತವನಿಗೆ ಗೊತ್ತಿರುವುದಿಲ್ಲವೇ? ಬೆಂಗಳೂರಿನ ನಮ್ಮ ಮೆಟ್ರೊ 2011ರ ಅಕ್ಟೋಬರಿನಲ್ಲಿ ಓಡತೊಡಗಿದ ದಿನದಿಂದಲೂ ಟೋಕನ್, ಕಾರ್ಡುಗಳನ್ನು ತೋರಿಸಿದರೆ ತೆರೆದುಕೊಳ್ಳುವ ಗೇಟುಗಳ ಲೋಕ. 2022ರಿಂದ ವಾಟ್ಸ್ಆಪ್‌ನಲ್ಲೇ ಟಿಕೆಟ್ಟು. ಅಲ್ಲಿ 2024ರ ಫೆಬ್ರುವರಿಯಲ್ಲಿ ರಾಜಾಜಿನಗರದ ನಿಲ್ದಾಣಕ್ಕೆ ತಲೆಯ ಮೇಲೆ ಗಂಟು ಹೊತ್ತ ರೈತರೊಬ್ಬರು ಬಂದರು. ಬಟ್ಟೆ ಕೊಳೆಯಾಗಿದೆ ಎಂದು ಭದ್ರತಾ ಸಿಬ್ಬಂದಿ ಅವರನ್ನು ತಡೆದರು. ಅವರ ಬಳಿ ಟಿಕೆಟ್ ಇತ್ತು. ಸಹಪ್ರಯಾಣಿಕರು ಜಗಳವಾಡಿದ ಮೇಲೆ ದಾರಿ ಬಿಡಲಾಯಿತು. ದೃಶ್ಯ ಎಲ್ಲೆಡೆ ಹರಡಿ, ನಿಗಮವು ಸಂಬಂಧಪಟ್ಟ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆಯಿತು. ಗೇಟು ಆ ರೈತನನ್ನು ತಡೆಯಲಿಲ್ಲ, ಗೇಟಿನವರೆಗೆ ಹೋಗಲು ಮನುಷ್ಯರು ಬಿಡಲಿಲ್ಲ. ಮಸೂರ್ ಸ್ಟೇಷನ್ನಿನಿಂದ ರಾಜಾಜಿನಗರಕ್ಕೆ ನೂರಿಪ್ಪತ್ತಮೂರು ವರ್ಷಗಳ ದಾರಿ. ಅಲ್ಲಿಯೂ ದುಡ್ಡು ಮೊದಲೇ ಒಳಗೆ ಹೋಗಿತ್ತು.

ಇನ್ನೊಂದು ನೆನಪನ್ನೂ ಇಲ್ಲಿ ಹೇಳಲೇಬೇಕು. ಮುಟ್ಟದೆ ಹಣ ಕೊಡುವುದು ಜನರ ಅಭ್ಯಾಸವಾದದ್ದು 2016ರ ನೋಟು ರದ್ದತಿಯಿಂದ ಎಷ್ಟೋ, 2020ರ ಕೊರೊನಾದಿಂದಲೂ ಅಷ್ಟೇ. ಆ ವರ್ಷ ರಿಸರ್ವ್ ಬ್ಯಾಂಕೇ ಮನೆಯಲ್ಲಿದ್ದು ಡಿಜಿಟಲ್ ಪಾವತಿ ಬಳಸಿರೆಂದು ಜನರನ್ನು ಕೇಳಿಕೊಂಡಿತು. ಅದು ಸರಿಯಾದ ಸಲಹೆಯೇ. ಆದರೆ ಸ್ಪರ್ಶದ ಭಯ ಎಲ್ಲ ಕೈಗಳ ಮೇಲೂ ಸಮನಾಗಿ ಹಂಚಿಕೆಯಾಗಲಿಲ್ಲ. ದಿಲ್ಲಿಯ ನಿಜಾಮುದ್ದೀನ್ ಸಮಾವೇಶದ ಸುದ್ದಿಯ ಹಿಂದೆಯೇ, ಮುಸ್ಲಿಮರು ನೋಟಿಗೆ ಎಂಜಲು ಹಚ್ಚುತ್ತಿದ್ದಾರೆ, ಬೀದಿಯಲ್ಲಿ ನೋಟು ಚೆಲ್ಲುತ್ತಿದ್ದಾರೆ ಎಂಬ ವಿಡಿಯೋಗಳು ಫೋನಿನಿಂದ ಫೋನಿಗೆ ಹಾರಿದವು. ಅವುಗಳಲ್ಲಿ ಹಲವು ಹಳೆಯವು, ಕೊರೊನಾಗೂ ಅವಕ್ಕೂ ಸಂಬಂಧವೇ ಇಲ್ಲವೆಂದು ಸತ್ಯಶೋಧಕರು ತೋರಿಸುವಷ್ಟರಲ್ಲಿ ತಳ್ಳುಗಾಡಿಯವನ ಹೆಸರು ಕೇಳಿ ತರಕಾರಿ ಕೊಳ್ಳುವ ಕಾಲ ಬಂದಾಗಿತ್ತು. ಆ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ವಿದೇಶಿ ತಬ್ಲೀಗಿಗಳ ಮೇಲಿನ ಮೊಕದ್ದಮೆಗಳನ್ನು ರದ್ದುಪಡಿಸುತ್ತ, ಅವರನ್ನು ಬಲಿಪಶುಗಳಾಗಿ ಆರಿಸಿಕೊಂಡಿರುವ ಸಂಭವವಿದೆ ಎಂದಿತು. ತೀರ್ಪು ಫೋನಿನಿಂದ ಫೋನಿಗೆ ಅಷ್ಟು ವೇಗವಾಗಿ ಹಾರಲಿಲ್ಲ. ಯಾರ ಕೈಯ ನೋಟು ಶುದ್ಧ ಎಂಬ ಪ್ರಶ್ನೆ ಕೇರಿಯವರಿಂದ ಸಾಬರ ತನಕ ಬಂದು ತಲುಪಲು ಒಂದು ರೋಗ ಸಾಕಾಯಿತು.

ಇಷ್ಟು ಹೇಳಿದ ಮೇಲೆ ಮತ್ತೆ ಹೊಸರಿತ್ತಿಗೆ ಬರೋಣ. ವರದಾ ದಂಡೆಯ ಈ ಊರು ಗುದ್ಲೆಪ್ಪ ಹಳ್ಳಿಕೇರಿಯವರದು, ಅವರು ಕಟ್ಟಿದ ಗಾಂಧಿ ಗ್ರಾಮೀಣ ಗುರುಕುಲದ್ದು. ಸರಕಾರದ ರೊಕ್ಕದ ಜೊತೆ ಈ ಊರಿಗೆ ಇನ್ನೊಂದು ಹಳೆಯ ಲೆಕ್ಕವೂ ಇದೆ. 1943ರ ಏಪ್ರಿಲ್ 1ರಂದು, ಇಲ್ಲಿನ ಗುಡಿಯಲ್ಲಿ ಕಾವಲಿಟ್ಟಿದ್ದ ಬ್ರಿಟಿಷರ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಬಂದ ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಪೊಲೀಸರ ಗುಂಡಿಗೆ ಬಲಿಯಾದರು. ಆಗ ಹಣಕ್ಕೆ ತೂಕವಿತ್ತು, ಕಾವಲು ಬೇಕಿತ್ತು. ಈಗಿನ ಹಣಕ್ಕೆ ಬೇಕಾಗಿರುವುದು ನೆಟ್‌ವರ್ಕ್.

ತಮಾಷೆಯ ಮಾತಲ್ಲ ಇದು. ಹೊರಗಿನಿಂದ ನೋಡುವವರಿಗೆ ಕಾರ್ಡು, ಫೋನು ಎಲ್ಲ ಒಂದೇ ಎನಿಸುತ್ತದೆ. ಒಳಗಿನ ಕೆಲಸ ಬೇರೆ ಬೇರೆ. ಹಾಂಗ್‌ಕಾಂಗಿನಲ್ಲಿ 1997ರ ಸೆಪ್ಟೆಂಬರಿನಲ್ಲಿ ಬಂದ ಆಕ್ಟೋಪಸ್ ಕಾರ್ಡಿನಲ್ಲಿ ಹಣದ ಲೆಕ್ಕ ಕಾರ್ಡಿನ ಚಿಪ್ಪಿನಲ್ಲೇ ಇರುತ್ತದೆ. ಯಂತ್ರದ ಹತ್ತಿರ ಹಿಡಿದರೆ ಅಲ್ಲಿಯೇ ಕಳೆದುಕೊಳ್ಳುತ್ತದೆ, ಆ ಗಳಿಗೆಯಲ್ಲಿ ಬ್ಯಾಂಕನ್ನು ಕೇಳುವ ಅಗತ್ಯವಿಲ್ಲ. ನಮ್ಮ ದೇಶದ ‘ಒಂದು ರಾಷ್ಟ್ರ, ಒಂದು ಕಾರ್ಡು’ ಎಂದು ಹೆಸರಾದ ಎನ್‌ಸಿಎಂಸಿ ಕಾರ್ಡೂ ಹೀಗೆ ನೆಟ್‌ವರ್ಕ್ ಇಲ್ಲದೆ ಸಣ್ಣ ಮೊತ್ತ ಕಳೆಯಬಲ್ಲದು. ಯುಪಿಐ ಚೌಕದ ಕಥೆ ಹಾಗಲ್ಲ. ಪ್ರಯಾಣಿಕನ ಫೋನು, ಅವನ ಬ್ಯಾಂಕು, ಸಂಸ್ಥೆಯ ಬ್ಯಾಂಕು ಎಲ್ಲವೂ ಅದೇ ಕ್ಷಣದಲ್ಲಿ ಪರಸ್ಪರ ಮಾತಾಡಬೇಕು. ತರಕಾರಿ ಅಂಗಡಿಯ ಮುಂದೆ ಅರ್ಧ ನಿಮಿಷ ಕಾಯಬಹುದು. ಜೋಳದ ಹೊಲಗಳ ನಡುವೆ ಓಡುವ ಬಸ್ಸಿನಲ್ಲಿ, ಮುಂದಿನ ಸ್ಟಾಪು ಬರುವುದರೊಳಗೆ ನಲವತ್ತು ಜನರಿಗೆ ಟಿಕೆಟ್ ಹರಿಯಬೇಕಾದ ಕಂಡಕ್ಟರ್ ಕಾಯಲಾರ. ನಗರದಲ್ಲಿ ನಿಂತ ಗೇಟಿಗೆ ಕಾರ್ಡು, ಹಳ್ಳಿಯಲ್ಲಿ ಓಡುವ ಬಸ್ಸಿಗೆ ನೆಟ್‌ವರ್ಕ್ ಬೇಡುವ ಚೌಕ! ನಾವು ಸಲಕರಣೆಗಳನ್ನು ತಿರುಗಾಮುರುಗಾ ಹಂಚಿದ್ದೇವೆ. ಹತ್ತಿರದ ಹುಬ್ಬಳ್ಳಿ–ಧಾರವಾಡದಲ್ಲಿ 2018ರಿಂದ ಓಡುತ್ತಿರುವ ಚಿಗರಿ ಬಸ್ಸುಗಳಿಗೆ ಸ್ಮಾರ್ಟ್ ಕಾರ್ಡು ಬಂತು, ನಿಲ್ದಾಣದಲ್ಲೇ ಟಿಕೆಟ್ಟು, ಬಸ್ಸಿನಲ್ಲಿ ಕಂಡಕ್ಟರೇ ಇಲ್ಲ. ಸೋಮವಾರ, ಗುರುವಾರದ ಬ್ಯಾಡಗಿ ಮೆಣಸಿನಕಾಯಿ ಪೇಟೆಗೆ ಹೋಗುವವನಿಗೆ ಅಂಥ ಒಂದು ಕಾರ್ಡು ಯಾಕೆ ಸಿಗಬಾರದು? ಅದೇ ಕಾರ್ಡು ಹಾವೇರಿಯಲ್ಲಿ ರೈಲು ಹತ್ತುವುದಕ್ಕೂ ನಡೆದರೆ ರಾಣೆಬೆನ್ನೂರಿಗೆ ದಿನಾ ಓಡಾಡುವ ಹುಡುಗರು ಎರಡು ಕಡೆ ಸಾಲು ನಿಲ್ಲುವುದು ತಪ್ಪುತ್ತಿತ್ತು.

ಕಂಡಕ್ಟರರಿಗೆ ಈ ಚೌಕದಿಂದ ಉಪಕಾರವಾಗಿದೆ ಎಂಬುದನ್ನು ಒಪ್ಪಬೇಕು. ಚಿಲ್ಲರೆ ಜಗಳ ನಮ್ಮ ಬಸ್ಸುಗಳ ನಿತ್ಯದ ನಾಟಕ. ಹತ್ತು ರೂಪಾಯಿ ನಾಣ್ಯ ನಡೆಯುವುದಿಲ್ಲವೆಂಬ ಗಾಳಿಮಾತನ್ನು ರಿಸರ್ವ್ ಬ್ಯಾಂಕ್ ಎಷ್ಟು ಸಲ ಅಲ್ಲಗಳೆದರೂ ನಂಬುವವರು ನಂಬುತ್ತಲೇ ಇದ್ದರು. 2025ರ ಜನವರಿಯಲ್ಲಿ ಬಸ್ ದರ ಶೇಕಡ 15ರಷ್ಟು ಏರಿದಾಗ ಲೆಕ್ಕ ಮತ್ತಷ್ಟು ತೊಡಕಾಯಿತು. ಮೂರು ರೂಪಾಯಿ ಬಾಕಿಯನ್ನು ಟಿಕೆಟಿನ ಬೆನ್ನಿಗೆ ಬರೆದುಕೊಟ್ಟು ‘ಇಳಿಯಾಗ ಇಸ್ಗೋರಿ’ ಎನ್ನುವುದು, ಇಳಿಯುವಾಗ ಇಬ್ಬರೂ ಮರೆಯುವುದು, ಅಥವಾ ಒಬ್ಬರೇ ಮರೆಯುವುದು! ಫೋನಿನಲ್ಲಿ ಇದ್ದಷ್ಟೇ ಹೋಗುತ್ತದೆ, ಬಾಕಿ ಉಳಿಯುವುದಿಲ್ಲ.

ಇನ್ನು ಹೆಂಗಸರು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಅವರದು ಶೂನ್ಯ ಟಿಕೆಟ್. ನೋಟಿಲ್ಲ, ಫೋನಿಲ್ಲ, ಚಿಲ್ಲರೆಯಿಲ್ಲ. ಸ್ಪರ್ಶರಹಿತ ಪಾವತಿ ಎಂದರೆ ಇದಕ್ಕಿಂತ ಮುಂದುವರಿದದ್ದು ಯಾವ ದೇಶದಲ್ಲಿದೆ ಎಂದು ನಾವು ನಗುತ್ತೇವೆ. ಆದರೆ ಪುಕ್ಕಟೆಯವರು ಎಂಬ ಕುಹಕದ ನೋಟ ಅವರನ್ನು ಮುಟ್ಟುತ್ತದೆ. ಅವರು ಗುರುತಿನ ಚೀಟಿ ತೋರಿಸಬೇಕು, ಯಾರು ಎಲ್ಲಿಯವರು ಎಂದು ರುಜುವಾತು ಮಾಡಬೇಕು. ಫೋನಿನಿಂದ ಕೊಡುವವನೂ ತನಗೆ ತಿಳಿಯದಂತೆ ಇದನ್ನೇ ಮಾಡುತ್ತಾನೆ. ನೋಟಿನ ಮೇಲೆ ಕೊಟ್ಟವನ ಹೆಸರಿರುವುದಿಲ್ಲ. ಫೋನಿನ ಹಣದ ಜೊತೆ ಹೆಸರು, ಗಳಿಗೆ, ತಾರೀಖು ಎಲ್ಲ ಹೋಗಿ ಎಲ್ಲೋ ಕೂಡುತ್ತವೆ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಖಾಸಗಿಯವರ ಮೇಲೆ ಷರತ್ತು ಹಾಕಿ, ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೇ ಇಟ್ಟಿದೆ. ಯಾವ ಹುಡುಗ ಯಾವ ಹುಡುಗಿಯ ಪಕ್ಕದ ಸೀಟಿನಲ್ಲಿ ಕುಳಿತ ಎಂದು ಬಸ್ಸು ನಿಲ್ಲಿಸಿ ಹೆಸರು ಕೇಳುವವರನ್ನು ಕರಾವಳಿಯಲ್ಲಿ ಕಂಡ ನಮಗೆ ಇದು ದೂರದ ಆತಂಕವಾಗಿ ತೋರುವುದಿಲ್ಲ.

ನಗದು ಪೂರ್ತಿ ನಿಂತರೆ ಏನಾಗುತ್ತದೆ? ಲಂಡನ್ನಿನ ಬಸ್ಸುಗಳು 2014ರ ಜುಲೈ 6ರಿಂದ ನಗದು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದವು. ಹಾಗೆ ನಿಲ್ಲಿಸುವ ಮುನ್ನ ಅಲ್ಲಿನವರು ಒಂದು ಏರ್ಪಾಡು ಮಾಡಿದರು: ಕಾರ್ಡಿನಲ್ಲಿ ಸಾಕಷ್ಟು ಹಣವಿಲ್ಲದಿದ್ದರೂ ಇನ್ನೊಂದು ಪ್ರಯಾಣ ಮಾಡಬಹುದು, ಮುಂದೆ ಹಣ ತುಂಬಿದಾಗ ಕಳೆದುಕೊಳ್ಳಲಾಗುತ್ತದೆ. ರಾತ್ರಿ ಹೊತ್ತು ಯಾರೂ ಬೀದಿಯಲ್ಲಿ ಉಳಿಯಬಾರದೆಂಬ ಕಾಳಜಿಯನ್ನು ಅವರು ಯಂತ್ರದೊಳಗೇ ಬರೆದಿಟ್ಟರು. ನಮ್ಮಲ್ಲಿ ನಗದು ಇನ್ನೂ ನಡೆಯುತ್ತಿದೆ, ನಡೆಯಲೇಬೇಕು. ಫೋನಿಲ್ಲದ ಮುದುಕ, ಚಾರ್ಜು ಇಲ್ಲದ ಫೋನಿನ ಕೂಲಿಯವನು ಬಸ್ಸಿನ ಹೊರಗೆ ಉಳಿಯುವಂತಾದರೆ ಅದೂ ಒಂದು ಬಗೆಯ ಅಸ್ಪೃಶ್ಯತೆಯೇ. ಅಂಥ ದಿನ ಬರುವುದಾದರೆ, ಲಂಡನ್ನಿನವರು ಯಂತ್ರದಲ್ಲಿ ಬರೆದಿಟ್ಟದ್ದನ್ನು ನಮ್ಮವರೂ ಮೊದಲು ಬರೆದಿಡಲಿ.

ಸದ್ಯಕ್ಕೆ ಅದನ್ನು ಕಂಡಕ್ಟರೇ ನಿಭಾಯಿಸುತ್ತಿದ್ದಾರೆ. ಮೊನ್ನೆ ಹೊಸರಿತ್ತಿಯಿಂದ ಬರುವಾಗ ಕಾಲೇಜಿನ ಹುಡುಗನೊಬ್ಬ ಫೋನನ್ನು ಕಿಟಕಿಯ ಹೊರಗೆ ಚಾಚಿ ಸಿಗ್ನಲ್ ಹುಡುಕುತ್ತಿದ್ದ. ಗಾಜಿನ ಮೇಲೆ ಸಣ್ಣ ಚಕ್ರ ಸುತ್ತುತ್ತಲೇ ಇತ್ತು. ಪಕ್ಕದಲ್ಲಿದ್ದ ಅಜ್ಜ, ಟೊಪ್ಪಿಗೆಯೊಳಗೆ ಮಡಿಚಿಟ್ಟಿದ್ದ ನೋಟು ತೆಗೆದು, ‘ನಂದ್ರಾಗ ಹಿಡ್ಕೋರಿ, ಹುಡುಗನ್ದೂ’ ಎಂದ. ಕಂಡಕ್ಟರ್ ಬೇಡವೆಂದು ಕೈ ಅಲ್ಲಾಡಿಸಿದರು. ತನಿಖೆಯವರು ಹತ್ತಿದರೆ ಲೆಕ್ಕ ಕೊಡಬೇಕಾದವರು ಅವರೇ. ಆದರೂ ಟಿಕೆಟ್ ಹರಿದು ಹುಡುಗನ ಕೈಗಿಟ್ಟರು. ‘ಕುಂದ್ರು ತಮ್ಮಾ. ಹಾವೇರಿ ಹತ್ರ ಬಂದಾಗ ಹೊಡಿಯಂತಿ.’