ಮೂರು ಪ್ರಿಂಟು, ಮೂರು ಪಾಠ

ಫೋಟೊಗಳನ್ನು ಆನ್‌ಲೈನ್ ಲ್ಯಾಬಿಗೆ ಕಳಿಸಿ ಪ್ರಿಂಟು ತರಿಸಿಕೊಳ್ಳುವುದು ಒಳ್ಳೆಯದೋ, ಮನೆಯಲ್ಲೇ ಪ್ರಿಂಟರ್ ಇಟ್ಟುಕೊಳ್ಳುವುದು ಒಳ್ಳೆಯದೋ ಎಂದು ಕೇಳಿದರೆ ಬರುವ ಉತ್ತರಗಳೆಲ್ಲ ಲೆಕ್ಕದ ಉತ್ತರಗಳು. ಒಂದು ಪ್ರಿಂಟಿಗೆ ಎಷ್ಟು, ಕೊರಿಯರ್‌ಗೆ ಎಷ್ಟು, ಇಂಕಿಗೆ ಎಷ್ಟು, ಎಷ್ಟು ವರ್ಷ ಬಾಳುತ್ತದೆ. ಈ ಲೆಕ್ಕ ಬೇಕಾದದ್ದೇ. ಆದರೆ ಅದರೊಳಗೆ ಒಂದು ನಂಬಿಕೆ ಕೂತಿದೆ: ಫೋಟೊ ಎಂಬುದು ಫೈಲಿನಲ್ಲಿ ಆಗಲೇ ಮುಗಿದಿದೆ, ಪ್ರಿಂಟು ಅದರ ನಕಲು, ಎಲ್ಲಿ ಹಾಕಿಸಿದರೂ ಬರುವುದು ಅದೇ. ನನ್ನ ತಕರಾರು ಈ ನಂಬಿಕೆಯ ಜೊತೆ.

ವಾಲ್ಟರ್ ಬೆಂಜಮಿನ್ 1930ರ ದಶಕದಲ್ಲಿ ಕಲಾಕೃತಿಯ ಯಾಂತ್ರಿಕ ಮರುಉತ್ಪಾದನೆಯ ಬಗ್ಗೆ ಬರೆದ ಪ್ರಬಂಧದಲ್ಲಿ, ಒಂದು ನೆಗೆಟಿವ್‌ನಿಂದ ಎಷ್ಟು ಬೇಕಾದರೂ ಪ್ರಿಂಟು ತೆಗೆಯಬಹುದಾದ್ದರಿಂದ ಅವುಗಳಲ್ಲಿ ಅಸಲಿ ಯಾವುದು ಎಂದು ಕೇಳುವುದಕ್ಕೆ ಅರ್ಥವಿಲ್ಲ ಎನ್ನುತ್ತಾನೆ. ತರಗತಿಯಲ್ಲಿ ಈ ಮಾತನ್ನು ತಲೆಯಾಡಿಸಿ ಒಪ್ಪಿಕೊಂಡು ಮುಂದೆ ಹೋಗುತ್ತೇವೆ. ನಮ್ಮ ಮಸ್ಕಿಯ ಮನೆಗಳ ಪಡಸಾಲೆಯಲ್ಲಿ ನಿಂತು ಹೇಳಿ ನೋಡಬೇಕು. ಗೋಡೆಯ ಮೇಲಿನ ಹಿರಿಯರ ಫೋಟೊಗೆ ಕುಂಕುಮ ಹಚ್ಚಿ, ಪ್ಲಾಸ್ಟಿಕ್ ಹಾರ ಹಾಕಿ, ಅಮಾವಾಸ್ಯೆಗೆ ಎಡೆ ತೋರಿಸುವ ಮನೆಯಲ್ಲಿ ಅಸಲಿ ಯಾವುದು ಎಂಬುದಕ್ಕೆ ಗಟ್ಟಿ ಉತ್ತರವಿದೆ. ಅದೇ ಫೋಟೊದ ಇನ್ನೊಂದು ಪ್ರತಿ ಟ್ರಂಕಿನಲ್ಲಿದ್ದರೆ ಅದಕ್ಕೆ ಯಾರೂ ಕೈಮುಗಿಯುವುದಿಲ್ಲ. ಗೋಡೆಗೆ ಹೋದ ಪ್ರಿಂಟು ಮುಂದಿನ ಮೂವತ್ತು ನಲವತ್ತು ವರ್ಷ ಆ ಮನುಷ್ಯರ ಮುಖವಾಗುತ್ತದೆ. ಮೊಮ್ಮಕ್ಕಳಿಗೆ ಗೊತ್ತಿರುವುದು ಅದೊಂದೇ.

ನಾನು ಕನ್ನಡದ ಸಂಶೋಧನಾ ವಿದ್ಯಾರ್ಥಿನಿ. ಗ್ರಂಥಸಂಪಾದನೆ ಎಂ.ಎ.ಯಲ್ಲಿ ನಮಗೊಂದು ಪತ್ರಿಕೆಯಾಗಿತ್ತು. ಮಧ್ಯಾಹ್ನದ ಊಟದ ನಂತರದ ಅವಧಿ, ಅರ್ಧ ತರಗತಿ ನಿದ್ದೆಯಲ್ಲಿರುತ್ತಿತ್ತು. ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಪರೀಕ್ಷೆಗೆಂದು ಓದಿದ್ದು, ಫೋಟೊ ನೋಡುವುದಕ್ಕೆ ಉಪಯೋಗಕ್ಕೆ ಬಂತು. ಆ ಶಾಸ್ತ್ರದ ತಳಹದಿ ಇಷ್ಟು: ಹಳೆಯ ಕಾವ್ಯ ನಮ್ಮ ಕೈಗೆ ಬರುವುದು ಪ್ರತಿಗಳ ಮೂಲಕ, ಪ್ರತಿ ಎಂದ ಮೇಲೆ ಅಲ್ಲೊಬ್ಬ ಪ್ರತಿಕಾರನಿದ್ದಾನೆ. ತೂಕಡಿಸುತ್ತ ಬರೆಯುವವನು ಅಕ್ಷರ ಬಿಡುತ್ತಾನೆ, ಸಾಲು ಹಾರಿಸುತ್ತಾನೆ. ಅವನು ಸುಲಭವಾಗಿ ಸಿಕ್ಕಿಬೀಳುತ್ತಾನೆ. ಜಾಣ ಪ್ರತಿಕಾರನದೇ ತಾಪತ್ರಯ. ತನಗೆ ತಿಳಿಯದ ಶಬ್ದ ಬಂದಲ್ಲಿ ತಿಳಿದ ಶಬ್ದವೊಂದನ್ನು ತಂದು ಕೂರಿಸುತ್ತಾನೆ. ಪದ್ಯ ಸಲೀಸಾಗಿ ಓದಿಸಿಕೊಳ್ಳುತ್ತದೆ, ಛಂದಸ್ಸೂ ಕೆಟ್ಟಿರುವುದಿಲ್ಲ, ಹೋದದ್ದು ಮಾತ್ರ ಹೋಗಿಯೇ ಬಿಟ್ಟಿರುತ್ತದೆ. ಎರಡು ಪಾಠಗಳಿದ್ದರೆ ಕ್ಲಿಷ್ಟವಾದುದನ್ನು ಅವಸರದಲ್ಲಿ ತಳ್ಳಿಹಾಕಬೇಡಿ ಎಂದು ಸಂಪಾದಕರು ಹೇಳುವುದು ಇದಕ್ಕೇ.

ಲಿಂಗಸುಗೂರು, ಮಸ್ಕಿ, ಸಿಂಧನೂರು ಒಂದೇ ರಸ್ತೆಯ ಮೇಲಿನ ಮೂರು ಊರು. ಒಂದೇ ಫೋಟೊವನ್ನು ಈ ರಸ್ತೆಗುಂಟ ಮೂರು ರೀತಿಯಲ್ಲಿ ಪ್ರಿಂಟು ಹಾಕಿಸಿದ್ದೇನೆ. ಫೋಟೊ ನಮ್ಮ ಅಜ್ಜಿಯದು. ಚಳಿಗಾಲದ ಬೆಳಿಗ್ಗೆ ಮನೆ ಮುಂದಿನ ಬೇವಿನ ಗಿಡದ ಕೆಳಗೆ ಕೂತಿದ್ದಾಳೆ, ಎಡಗಡೆಯಿಂದ ಬಿಸಿಲು. ಮೊಬೈಲಿನಲ್ಲಿ ತೆಗೆದದ್ದು, 4000×3000 ಪಿಕ್ಸೆಲ್ಲಿನ ಮೂಲ ಫೈಲು ನನ್ನಲ್ಲಿತ್ತು. ಅದು ಮುಖ್ಯ, ಯಾಕೆಂದರೆ ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ ಉದ್ದದ ಕಡೆ ಸುಮಾರು 1600 ಪಿಕ್ಸೆಲ್ಲಿಗೆ ಕುಗ್ಗುತ್ತದೆ. 4×6 ಇಂಚಿಗೆ ಅದು ಸಾಕು, ಗೋಡೆಗೆ ಹಾಕುವ 8×12ಕ್ಕೆ ಸಾಲದು. ನಮ್ಮ ಕಡೆ ತೀರಿಹೋದವರ ಫೋಟೊ ದೊಡ್ಡದು ಮಾಡಿಸಲು ಬರುವವರ ಕೈಯಲ್ಲಿ ಬಹುಪಾಲು ಇರುವುದು ಇಂಥ ಕುಗ್ಗಿದ ಫೋಟೊ, ಇಲ್ಲವೇ ಯಾವುದೋ ಗುರುತಿನ ಚೀಟಿಯ ಮುಖ. ಅಂಥವರಿಗೆ ಮನೆಯೋ ಲ್ಯಾಬೋ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಮೊದಲನೆಯದು ಆನ್‌ಲೈನ್ ಲ್ಯಾಬಿನದು. ದೊಡ್ಡ ಲ್ಯಾಬುಗಳು ಹೆಚ್ಚಾಗಿ ಬಳಸುವುದು ಬೆಳ್ಳಿಯ ಲವಣ ಲೇಪಿಸಿದ ಕಾಗದ. ಕೆಂಪು, ಹಸಿರು, ನೀಲಿ ಬೆಳಕಿನಿಂದ ಚಿತ್ರ ಮೂಡಿಸಿ, ರಸಾಯನದಲ್ಲಿ ಅದ್ದಿ, ಕೊನೆಗೆ ಬೆಳ್ಳಿಯನ್ನೆಲ್ಲ ತೆಗೆದು ಬಣ್ಣವನ್ನಷ್ಟೇ ಉಳಿಸುತ್ತಾರೆ. ನಮ್ಮ ಕಡೆಯ ‘ಫೋಟೊ ತೊಳಿಸೋದು’ ಎಂಬ ರೀಲಿನ ಕಾಲದ ಮಾತು ಇಲ್ಲಿ ಈಗಲೂ ಅಕ್ಷರಶಃ ನಿಜ. ಕಾಗದ, ಹೊಳಪು, ಅಂಚು ಎಲ್ಲವೂ ಅಚ್ಚುಕಟ್ಟು. ಭೂತಗನ್ನಡಿ ಹಿಡಿದರೂ ಚುಕ್ಕಿ ಕಾಣದು. ಆದರೆ ಅಜ್ಜಿ ಬೆಳ್ಳಗಾಗಿದ್ದಳು. ಹಣೆಯ ಮೇಲೆ, ಗದ್ದದ ಮೇಲೆ ಅವಳು ಚಿಕ್ಕವಳಿದ್ದಾಗ ಹಾಕಿಸಿಕೊಂಡ ಹಸಿರು ಹಚ್ಚಿ ಬಟ್ಟುಗಳಿವೆ. ಗದ್ದದ್ದು ಮಸುಕಾಗಿ ಉಳಿದಿತ್ತು, ಹಣೆಯದು ಇರಲೇ ಇಲ್ಲ. ಯಾರೂ ಬೇಕೆಂದು ಅಳಿಸಿದ್ದಲ್ಲ. ಕಪ್ಪು ಮುಖ ಕಂಡರೆ ಬೆಳಕು ಸಾಲದ ಫೋಟೊ ಎಂದು ಎಣಿಸಿ ಎತ್ತಿಕೊಡುವ, ಚರ್ಮದ ಮೇಲಿನ ಸಣ್ಣ ಗೆರೆ ಚುಕ್ಕಿಗಳನ್ನು ಕಸವೆಂದು ಸವರಿಬಿಡುವ ಸ್ವಯಂಚಾಲಿತ ತಿದ್ದುಪಡಿ ಅದು. ಜಾಣ ಪ್ರತಿಕಾರ.

ಇದಕ್ಕೊಂದು ಹಿನ್ನೆಲೆಯಿದೆ. ಕೊಡಕ್ ಕಂಪನಿ ಲ್ಯಾಬುಗಳಿಗೆ ಬಣ್ಣ ಹೊಂದಿಸಿಕೊಳ್ಳಲು ಕಳಿಸುತ್ತಿದ್ದ ‘ಶರ್ಲಿ ಕಾರ್ಡ್’ನಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಹೆಣ್ಣುಮಗಳೊಬ್ಬಳ ಚಿತ್ರ. ಅವಳ ಚರ್ಮ ಸರಿ ಬಂದರೆ ಯಂತ್ರ ಸರಿ ಇದೆ ಎಂದರ್ಥ. ಕಾರ್ಡು ಈಗ ಯಾರ ಮೇಜಿನ ಮೇಲೂ ಇಲ್ಲ, ಆದರೆ ‘ಸರಿಯಾದ ಮುಖ’ ಇಷ್ಟು ಬೆಳಕಿರಬೇಕು ಎಂಬ ಎಣಿಕೆ ಸಾಫ್ಟ್‌ವೇರಿನೊಳಗೆ ಬೇರೆ ವೇಷದಲ್ಲಿ ಇಣುಕುತ್ತಲೇ ಇರುತ್ತದೆ. ಬಿಸಿಲಿಗೆ ಎರಡೂ ಕಾಲ ಬೆನ್ನು ಕೊಟ್ಟು ನಾಟಿ, ಕಳೆ, ಕೊಯಿಲು ಮಾಡಿದ ಮುಖ ಅದಕ್ಕೆ ಕ್ಲಿಷ್ಟ ಪಾಠ.

ಎರಡನೆಯದು ಸಿಂಧನೂರಿನ ಸ್ಟುಡಿಯೊ ಒಂದರದು. ಅಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗ ಮೊದಲು ಕೇಳಿದ್ದು, “ಬ್ಯಾಕ್‌ಗ್ರೌಂಡ್ ಯಾವುದು ಹಾಕ್ಲಿ ಅಕ್ಕಾರ? ಮುಖ ಸ್ವಲ್ಪ ಬೆಳ್ಳಗ ಮಾಡ್ಲೇನ್ರಿ?” ಬೇಡ ಎಂದೆ. ಬೇವಿನ ಗಿಡ ಹೋಗಿ ನೀಲಿ ಬಂದಿತ್ತು, ಮುಖ ಮಾತ್ರ ಅರ್ಧದಷ್ಟು ನನ್ನ ಮಾತು ಕೇಳಿತ್ತು. ಈ ಸ್ಟುಡಿಯೊಗಳ ಬಗ್ಗೆ ನಗುವುದು ಸುಲಭ. ಸಿಂಧನೂರಿನ ಸರ್ಕಲ್ಲಿನಲ್ಲಿ ನಿಂತರೆ ಹುಟ್ಟುಹಬ್ಬದ ಫ್ಲೆಕ್ಸಿನಲ್ಲೂ ಶ್ರದ್ಧಾಂಜಲಿಯ ಫ್ಲೆಕ್ಸಿನಲ್ಲೂ ಅದೇ ಗುಲಾಬಿ ಬಣ್ಣದ ಮುಖಗಳು. ಸತ್ತವರಾರು ಇದ್ದವರಾರು ಎಂದು ಅಕ್ಷರ ಓದಿಯೇ ತಿಳಿಯಬೇಕು. ಆದರೂ ಆ ಹುಡುಗ ಕೇಳಿದ. ಅವನ ಜೊತೆ ವಾದಿಸಬಹುದಿತ್ತು. ಪ್ರಿಂಟು ಅಲ್ಲಿಯೇ ಆಗುತ್ತದೆಂದು ತಿಳಿದುಕೊಳ್ಳಬೇಡಿ. ಮದುವೆಯ ಕರಿಜ್ಮಾ ಆಲ್ಬಮ್ಮುಗಳಂತೆ ಇದನ್ನೂ ಅವರು ದೊಡ್ಡ ಊರಿನ ಲ್ಯಾಬಿಗೇ ಕಳಿಸಿದ್ದರು. ಹಾಗಾಗಿ ಆನ್‌ಲೈನ್ ಲ್ಯಾಬಿಗೂ ಸ್ಟುಡಿಯೊಗೂ ಇರುವ ವ್ಯತ್ಯಾಸ ಯಂತ್ರದ್ದಲ್ಲ, ನಡುವೆ ಒಬ್ಬ ಮನುಷ್ಯ ಇರುವುದು.

ಮೂರನೆಯದು ಲಿಂಗಸುಗೂರಿನಲ್ಲಿ ಅತಿಥಿ ಉಪನ್ಯಾಸಕಿಯಾಗಿರುವ ಗೆಳತಿಯ ಮನೆಯಲ್ಲಿ, ಆರು ಬಣ್ಣದ ಇಂಕ್‌ಟ್ಯಾಂಕ್ ಪ್ರಿಂಟರಿನಲ್ಲಿ. ಮನೆಯಲ್ಲಿ ಪ್ರಿಂಟು ಹಾಕುವುದನ್ನು ಹೊಗಳುವವರು ಹೇಳದೆ ಬಿಡುವ ಸಂಗತಿಗಳನ್ನು ಮೊದಲು ಹೇಳುತ್ತೇನೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಜಿಲ್ಲೆ ನಮ್ಮದು. ಹದಿನೈದು ದಿನ ಸುಮ್ಮನೆ ಬಿಟ್ಟರೆ ಪ್ರಿಂಟರಿನ ಹೆಡ್ಡಿನ ಸಣ್ಣ ತೂತುಗಳಲ್ಲಿ ಇಂಕು ಒಣಗಿ ಕೂರುತ್ತದೆ, ಸ್ವಚ್ಛ ಮಾಡುವುದಕ್ಕೇ ಒಂದಷ್ಟು ಇಂಕು ಹೋಗುತ್ತದೆ. ವಾರಕ್ಕೊಂದು ಬಣ್ಣದ ಹಾಳೆ ತೆಗೆಯುತ್ತಲೇ ಇರಬೇಕು. ಒಳ್ಳೆಯ ಫೋಟೊ ಪೇಪರ್ ಊರಲ್ಲಿ ಸಿಗದೆ ಅದನ್ನೂ ಆನ್‌ಲೈನಿನಲ್ಲೇ ತರಿಸಿದೆವು. ಎ4 ಹಾಳೆಗಿಂತ ದೊಡ್ಡದು ಆಗುವುದಿಲ್ಲ. ಹಾಕಿದ ಪ್ರಿಂಟನ್ನು ಒಂದು ರಾತ್ರಿ ಒಣಗಲು ಬಿಡದೆ ಗಾಜಿನ ಫ್ರೇಮಿಗೆ ಸೇರಿಸಬಾರದು, ಬಿಸಿಲು ಬೀಳುವ ಗೋಡೆಯಲ್ಲಂತೂ ತೂಗುಹಾಕಲೇಬಾರದು. ನಾಲ್ಕು ಹಾಳೆ ಖರ್ಚಾದವು. ಒಂದರಲ್ಲಿ ಅಜ್ಜಿ ಹಸಿರಾಗಿದ್ದಳು, ಇನ್ನೊಂದರಲ್ಲಿ ಇಟ್ಟಂಗಿಯ ಬಣ್ಣ.

ಆ ನಾಲ್ಕು ಹಾಳೆಗಳನ್ನು ಬಸ್ಸಿನಲ್ಲಿ ಮಸ್ಕಿಗೆ ಒಯ್ದೆ. ಬೆಳಗಿನ ಬಿಸಿಲಲ್ಲಿ ಅಜ್ಜಿಯನ್ನು ಅದೇ ಗಿಡದ ಕೆಳಗೆ ಕೂರಿಸಿ ಒಂದೊಂದನ್ನೇ ಅವಳ ಮುಖದ ಪಕ್ಕ ಹಿಡಿದು ನೋಡಿದೆ. ಯಾವುದು ಎಷ್ಟು ತಪ್ಪಿದೆ ಎಂದು ಬರೆದುಕೊಂಡು ಮತ್ತೆ ಲಿಂಗಸುಗೂರಿಗೆ ಹೋದೆ. ಐದನೆಯದರಲ್ಲಿ ಹಚ್ಚಿ ಬಂತು. ಕಪ್ಪು ಚರ್ಮದೊಳಗಿನ ಹಸಿರು, ಬಿಸಿಲಿಗೆ ತಿರುಗಿದ ಕಡೆ ಮಾತ್ರ ಕಾಣುವಂಥದ್ದು.

ನಮ್ಮೂರಿನವರಿಗೆ ಈ ಕೆಲಸ ಹೊಸದಲ್ಲ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನವನ್ನು ಕಂಡ. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಸಂಚಿಕೆಯಾಗಿ ಪ್ರಕಟಿಸಿದರು. ‘ದೇವಾನಾಂಪಿಯ’ ಎಂದಷ್ಟೇ ಕರೆದುಕೊಳ್ಳುತ್ತಿದ್ದ ರಾಜನ ಹೆಸರು ಅಶೋಕ ಎಂದು ಕಲ್ಲಿನ ಮೇಲೇ ಸಿಕ್ಕಿದ್ದು ಅಲ್ಲಿ. ಶಾಸನಗಳ ಪಡಿಯಚ್ಚು ತೆಗೆಯುವವರು ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ಗುಳಿಗಳಿಗೆ ಇಳಿಸಿ, ಮೇಲೆ ಮಸಿ ತಟ್ಟುತ್ತಾರೆ. ನೋಡಿ ಕೈಯಿಂದ ಬರೆದುಕೊಂಡ ನಕಲಿಗಿಂತ ಶಾಸನತಜ್ಞರು ಈ ಅಚ್ಚನ್ನು ನಂಬುತ್ತಾರೆ. ಕೈನಕಲಿನಲ್ಲಿ ಬರೆದವನು ಓದಿಕೊಂಡದ್ದು ಸೇರಿರುತ್ತದೆ. ಸವೆದ ಅಕ್ಷರವನ್ನು ಅಚ್ಚು ಸವೆದಂತೆಯೇ ತೋರಿಸುತ್ತದೆ. ಸಂಶಯ ಬಂದರೆ ಗುಡ್ಡ ಹತ್ತಿ ಕಲ್ಲನ್ನೇ ನೋಡಬಹುದು. ಆನ್‌ಲೈನ್ ಲ್ಯಾಬಿನ ಯಂತ್ರಕ್ಕೆ ಇಲ್ಲದ್ದು ಈ ಅನುಕೂಲ. ಅದು ನಮ್ಮ ಅಜ್ಜಿಯನ್ನು ನೋಡಿಲ್ಲ. ಮತ್ತು ಈ ಅನುಕೂಲ ನಮಗೂ ಸದಾ ಇರುವುದಿಲ್ಲ. ಅವಳಿಗೀಗ ಎಂಬತ್ತು ದಾಟಿದೆ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ವಾದ ಸಲೀಸಾಗಿರುತ್ತಿತ್ತು. ಮೂರೂ ಪ್ರಿಂಟುಗಳನ್ನು ಅಜ್ಜಿಯ ಮುಂದಿಟ್ಟೆ. ಅವಳು ಎತ್ತಿಕೊಂಡದ್ದು ಲ್ಯಾಬಿನದನ್ನು. “ಇದು ಚಲೋ ಐತಿ ನೋಡವ್ವಾ. ಇದನ್ನ ಹಾಕ್ರಿ.” ಹಚ್ಚಿ ಇಲ್ಲವಲ್ಲಜ್ಜಿ ಎಂದೆ. “ಸತ್ತ ಮ್ಯಾಲ ಹಚ್ಚಿ ಯಾಕ ಬೇಕು, ಸುಮ್ನಿರು” ಎಂದು ಅದನ್ನು ಸೆರಗಿನಿಂದ ಒರೆಸಿದಳು. ಅವ್ವನಿಗೆ ಸಿಟ್ಟು ಬಂತು. ಅವಳಿಗೆ ಬೇಕಾದದ್ದು ಐದನೆಯ ಹಾಳೆ.

ಕ್ರಿಸ್ಟೊಫರ್ ಪಿನ್ನಿ ಮಧ್ಯಪ್ರದೇಶದ ನಾಗದಾ ಊರಿನ ಫೋಟೊ ಸ್ಟುಡಿಯೊಗಳ ಬಗ್ಗೆ ಬರೆದ ‘ಕ್ಯಾಮೆರಾ ಇಂಡಿಕಾ’ (1997) ಓದುವಾಗ ನನಗೆ ಅಸಮಾಧಾನವಾಗಿತ್ತು. ಜನ ಸ್ಟುಡಿಯೊಗೆ ಹೋಗುವುದು ತಾವಿದ್ದಂತೆ ಕಾಣುವುದಕ್ಕಲ್ಲ, ತಾವು ಆಗಬಹುದಾದುದನ್ನು ಕಾಣುವುದಕ್ಕೆ ಎಂದು ಅವರು ತೋರಿಸುತ್ತಾರೆ. ಬಣ್ಣದ ತಾರತಮ್ಯವನ್ನು ಇಷ್ಟು ಸೌಮ್ಯವಾಗಿ ನೋಡಬಹುದೇ ಎಂಬುದು ನನ್ನ ಪ್ರಶ್ನೆಯಾಗಿತ್ತು, ಈಗಲೂ ಇದೆ. ಬೆಳ್ಳಗಿರುವುದೇ ಚಲೋ ಎಂದು ಅಜ್ಜಿಗೆ ಕಲಿಸಿದ್ದು ಸಾಫ್ಟ್‌ವೇರ್ ಅಲ್ಲ, ಅದಕ್ಕಿಂತ ಎಷ್ಟೋ ಹಳೆಯ ಲ್ಯಾಬುಗಳು ನಮ್ಮ ಮನೆಯೊಳಗೇ ಇವೆ. ಆದರೆ ಗ್ರಂಥಸಂಪಾದನೆ ಕಲಿತವಳಾಗಿ ಇನ್ನೊಂದು ಮಾತನ್ನೂ ಒಪ್ಪಬೇಕಾಗುತ್ತದೆ: ಕವಿ ಬದುಕಿದ್ದು ತಾನೇ ಒಂದು ಪಾಠವನ್ನು ಆರಿಸಿಕೊಂಡರೆ ಸಂಪಾದಕರು ಅದನ್ನು ಬದಿಗಿಡಲಾರರು. ಮುಖ ಅವಳದು. ಹಚ್ಚಿ ಹಾಕಿಸುವಾಗಲೂ ಅವಳನ್ನು ಯಾರೂ ಕೇಳಿರಲಿಲ್ಲವಂತೆ.

ಹಾಗಂತ ಆಯ್ಕೆ ಮಾಡಬೇಕಾದವರಿಗೆ ಹೇಳಲು ಏನೂ ಇಲ್ಲವೆಂದಲ್ಲ. ಮದುವೆ, ಪ್ರವಾಸದ ಇನ್ನೂರು ಫೋಟೊ ಇದ್ದರೆ ಲ್ಯಾಬಿಗೇ ಕಳಿಸಿ, ಹಲವು ಕಡೆ ಸ್ವಯಂಚಾಲಿತ ತಿದ್ದುಪಡಿ ಬೇಡ ಎಂದು ಗುರುತು ಹಾಕುವ ಅವಕಾಶವಿದೆ, ಹಾಕಿ. ಗೋಡೆಗೆ ಹೋಗುವ ಒಂದು ಮುಖವಿದ್ದರೆ, ಆ ಮುಖದವರು ಇನ್ನೂ ಇದ್ದರೆ, ಸ್ವಂತದ್ದೋ ಗೆಳೆಯರದೋ ಒಂದು ಪ್ರಿಂಟರಿನ ಮುಂದೆ ಎರಡು ದಿನ ಕೂರುವುದು ದಂಡವಲ್ಲ. ಆಗ ಬಣ್ಣದ ಬಗ್ಗೆ ಮನೆಯಲ್ಲಿ ಜಗಳವಾದರೂ ಆಗುತ್ತದೆ. ಲ್ಯಾಬಿನಿಂದ ಒಂದೇ ಪ್ರಿಂಟು ಬಂದಿದ್ದರೆ ನಮ್ಮಲ್ಲಿ ಆ ಜಗಳ ಹುಟ್ಟುತ್ತಲೇ ಇರಲಿಲ್ಲ.

ಹಸ್ತಪ್ರತಿಯ ಕೊನೆಯಲ್ಲಿ ಪ್ರತಿಕಾರರು ತಮ್ಮ ಹೆಸರು, ಸಂವತ್ಸರ, ತಿಥಿ ಬರೆದು, ತಪ್ಪಿದ್ದರೆ ತಿದ್ದಿಕೊಳ್ಳಿ ಎಂದು ಕೇಳಿಕೊಳ್ಳುವ ವಾಡಿಕೆಯಿತ್ತು. ಹಳೆಯ ಸ್ಟುಡಿಯೊ ಫೋಟೊಗಳ ಬೆನ್ನಿಗೂ ಒಂದು ರಬ್ಬರ್ ಮುದ್ರೆ ಇರುತ್ತಿತ್ತು, ಊರು ಮತ್ತು ತಾರೀಖಿನೊಡನೆ. ಲ್ಯಾಬಿನ ಪ್ರಿಂಟಿನ ಹಿಂದೆ ಇರುವುದು ಕಾಗದದ ಕಂಪನಿಯ ಹೆಸರು ಮಾತ್ರ, ಮನೆಯದರ ಹಿಂದೆ ಏನೂ ಇಲ್ಲ. ಐದನೆಯ ಹಾಳೆ ಈಗ ಅವ್ವನ ಅಲಮಾರಿಯಲ್ಲಿದೆ. ಅದರ ಹಿಂದೆ ಊರು, ತಾರೀಖು, ಬಣ್ಣ ತಿದ್ದಿದ ಇಬ್ಬರ ಹೆಸರು ಬರೆದಿದ್ದೇವೆ. ಫ್ರೇಮು ಹಾಕಿಸುವ ಮುಂಚೆ ಲ್ಯಾಬಿನ ಪ್ರಿಂಟಿನ ಹಿಂದೆಯೂ ಮಾರ್ಕರ್ ಪೆನ್ನಿನಿಂದ ಒಂದು ಸಾಲು ಬರೆದೆ: ‘ಈ ಪ್ರತಿ ಅಜ್ಜಿ ಆರಿಸಿದ್ದು. ಹಣೆಯ ಹಚ್ಚಿ ಇದರಲ್ಲಿ ಬಿಟ್ಟುಹೋಗಿದೆ.’