ಇಬ್ಬರು ಮಾಡಿದ ಪಯಣ, ಒಬ್ಬರು ಬರೆದ ಹೊತ್ತಗೆ

ಪ್ರವಾಸಕಥನವನ್ನು ವಿಮರ್ಶಿಸುವಾಗ ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡು: ಲೇಖಕನು ಏನನ್ನು ಕಂಡನು, ಕಂಡುದನ್ನು ಹೇಗೆ ಹೇಳಿದನು. ಮೂರನೆಯ ಪ್ರಶ್ನೆಯೊಂದಿದೆ, ಅದನ್ನು ಕೇಳುವುದು ವಿಮರ್ಶಕನಿಗೆ ಸಲ್ಲದ ಕುತೂಹಲವೆಂದು ಬಿಟ್ಟುಬಿಡುತ್ತೇವೆ. ಆತನ ಜೊತೆಯಲ್ಲಿ ಯಾರಿದ್ದರು? ಈ ಪ್ರಶ್ನೆ ಕುತೂಹಲದ್ದಲ್ಲ, ಸಾಹಿತ್ಯದ ಸತ್ಯಕ್ಕೆ ಸಂಬಂಧಿಸಿದ್ದು ಎಂಬುದನ್ನು ತೋರಿಸಲು ಅಮೆರಿಕದ ಮೂರು ಹೊತ್ತಗೆಗಳನ್ನು ಇಲ್ಲಿ ಎತ್ತಿಕೊಳ್ಳುತ್ತೇನೆ.

ಅಮೆರಿಕದ ಮೊದಲ ರಾಷ್ಟ್ರೀಯ ಉದ್ಯಾನವಾದ ಯೆಲ್ಲೊಸ್ಟೋನ್ ಏರ್ಪಟ್ಟದ್ದು 1872ರಲ್ಲಿ. ಮೋಟಾರು ಗಾಡಿಗಳಿಗೆ ಅದರ ಬಾಗಿಲು ತೆರೆದದ್ದು 1915ರಲ್ಲಿ. ಮರುವರ್ಷವೇ ಈ ಉದ್ಯಾನಗಳಿಗಾಗಿ ಪ್ರತ್ಯೇಕ ಇಲಾಖೆ ಹುಟ್ಟಿತು. 1956ರಿಂದ ಹತ್ತು ವರ್ಷ ನಡೆದ ‘ಮಿಷನ್ 66’ ಎಂಬ ಯೋಜನೆಯು ಕಾಡುಬೆಟ್ಟಗಳ ನಡುವೆ ರಸ್ತೆಗಳನ್ನೂ ಸಂದರ್ಶಕರ ಕೇಂದ್ರಗಳನ್ನೂ ಹರಡಿತು. ಇಂದು ಅಂಥ ಉದ್ಯಾನಗಳು 63. ಗಂಡಹೆಂಡಿರು ಕಾರಿನಲ್ಲಿ ಸಾಮಾನು ತುಂಬಿಕೊಂಡು ಒಂದು ಉದ್ಯಾನದಿಂದ ಇನ್ನೊಂದಕ್ಕೆ ಹೋಗುವುದು ಅಲ್ಲಿಯ ಮಧ್ಯಮವರ್ಗದ ತೀರ್ಥಯಾತ್ರೆಯೇ ಆಗಿದೆ. ಆದರೆ ಆ ನಾಡಿನ ಸಾಹಿತ್ಯದಲ್ಲಿ ಅರಣ್ಯವನ್ನು ಹೊಗುವವನು ಪ್ರಾಯಶಃ ಏಕಾಂಗಿ. ಜೀವನದಲ್ಲಿ ಇಬ್ಬರು, ಪುಸ್ತಕದಲ್ಲಿ ಒಬ್ಬ! ಇದು ಹೇಗಾಯಿತು?

ಜಾನ್ ಸ್ಟೈನ್‌ಬೆಕ್ಕನ ‘ಟ್ರಾವೆಲ್ಸ್ ವಿತ್ ಚಾರ್ಲಿ’ ಪ್ರಕಟವಾದದ್ದು 1962ರಲ್ಲಿ. ಅದೇ ವರ್ಷ ಆತನಿಗೆ ನೊಬೆಲ್ ಬಹುಮಾನವೂ ಬಂದಿತು. 1960ರ ಶರತ್ಕಾಲದಲ್ಲಿ, ಡಾನ್ ಕ್ವಿಕ್ಸೋಟನ ಕುದುರೆಯ ಹೆಸರನ್ನಿಟ್ಟ ಟ್ರಕ್ಕಿನಲ್ಲಿ, ಚಾರ್ಲಿ ಎಂಬ ನಾಯಿಯನ್ನು ಕೂರಿಸಿಕೊಂಡು ದೇಶ ಸುತ್ತಿದ ಕಥೆ ಅದು. ರಾಷ್ಟ್ರೀಯ ಉದ್ಯಾನಗಳ ಬಗೆಗೆ ಆತನಿಗೆ ಒಲವಿಲ್ಲ. ಪ್ರಕೃತಿಯ ವಿಕಾರಗಳಿಗೆ ಬೇಲಿ ಹಾಕಿ ತೋರಿಸುವ ಏರ್ಪಾಟು ಅದೆಂದು ಆತನ ಭಾವನೆ. ಯೆಲ್ಲೊಸ್ಟೋನಿಗೆ ಹೋದರೆ, ಸಾಧುವಾದ ಚಾರ್ಲಿ ಕರಡಿಗಳನ್ನು ಕಂಡು ರಣೋನ್ಮತ್ತನಾಗುತ್ತದೆ. ಯಜಮಾನನು ಗಾಡಿಯನ್ನು ಹಿಂದಕ್ಕೆ ತಿರುಗಿಸಬೇಕಾಗುತ್ತದೆ. ಸೊಗಸಾದ ಪ್ರಸಂಗ, ಓದಿ ನಗದವರಿಲ್ಲ. ಆದರೆ ಹೆಂಡತಿ ಇಲೇನ್ ಎಲ್ಲಿ? ಷಿಕಾಗೋದಲ್ಲಿಯೂ ಟೆಕ್ಸಾಸಿನಲ್ಲಿಯೂ ಆಕೆ ಬಂದು ಸೇರಿದಳೆಂದು ಪುಸ್ತಕವೇ ಹೇಳುತ್ತದೆ. ಪಶ್ಚಿಮ ಕರಾವಳಿಯುದ್ದಕ್ಕೂ ಆಕೆ ಜೊತೆಯಲ್ಲಿದ್ದಳೆಂಬುದನ್ನು ಮಾತ್ರ ಹೇಳುವುದಿಲ್ಲ. ಹಸ್ತಪ್ರತಿಯಲ್ಲಿದ್ದ ಆಕೆ ಅಚ್ಚಾಗುವ ವೇಳೆಗೆ ಆ ಪುಟಗಳಿಂದ ಮರೆಯಾದಳು. 2012ರ ಐವತ್ತನೆಯ ವರ್ಷದ ಆವೃತ್ತಿಯ ಪ್ರಸ್ತಾವನೆಯಲ್ಲಿ, ಇದನ್ನು ಅಕ್ಷರಶಃ ನಡೆದ ಸಂಗತಿಯೆಂದು ಓದಬಾರದೆಂಬ ಎಚ್ಚರಿಕೆಯನ್ನೇ ಸೇರಿಸಬೇಕಾಯಿತು.

ಎಡ್ವರ್ಡ್ ಆಬಿಯ ‘ಡೆಸರ್ಟ್ ಸಾಲಿಟೇರ್’ 1968ರ ಕೃತಿ. ಯೂಟಾ ಸಂಸ್ಥಾನದ ಆರ್ಚಸ್ ಎಂಬ ಶಿಲಾತೋರಣಗಳ ಪ್ರದೇಶದಲ್ಲಿ 1956, 1957ರ ಋತುಗಳಲ್ಲಿ ಕಾವಲುಗಾರನಾಗಿದ್ದ ಅನುಭವ ಅದರ ವಸ್ತು. ಕಾರಿನಲ್ಲಿ ಬಂದು, ಕಾರಿನಿಂದಿಳಿಯದೆಯೇ ಮರುಭೂಮಿಯನ್ನು ‘ನೋಡಿ’ ಹೋಗುವ ಜನರ ಮೇಲೆ ಆತನು ಸುರಿಸಿದ ಬೆಂಕಿ ಇಂದಿಗೂ ಆರಿಲ್ಲ. ಕಾರುಗಳನ್ನು ಹೊರಗೇ ನಿಲ್ಲಿಸಿ. ನಡೆದು, ಸೈಕಲ್ಲಿನಲ್ಲಿ ಅಥವಾ ಕುದುರೆಯ ಮೇಲೆ ಒಳಗೆ ಬನ್ನಿ ಎಂಬುದು ಆತನ ವಾದ. ಅದೇ ಆರ್ಚಸ್ 1971ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2022ರಲ್ಲಿ ಕಾರುಗಳ ದಟ್ಟಣೆ ತಾಳಲಾರದೆ, ಮುಂಗಡವಾಗಿ ಹೊತ್ತು ಗೊತ್ತುಮಾಡಿಕೊಂಡವರಿಗೆ ಮಾತ್ರ ಪ್ರವೇಶವೆಂಬ ನಿಯಮವನ್ನು ಪ್ರಯೋಗಕ್ಕೆ ತರಬೇಕಾಯಿತು. ವಾದದಲ್ಲಿ ಆಬಿ ಗೆದ್ದನೆಂದೇ ಹೇಳಬೇಕು. ಆದರೆ ಈ ಕೃತಿಯ ಏಕಾಂತವೂ ಪೂರ್ಣ ಸತ್ಯವಲ್ಲ. ಎರಡನೆಯ ವರ್ಷ ಹೆಂಡತಿಯೂ ಎಳೆಯ ಮಗುವೂ ಸ್ವಲ್ಪ ಕಾಲ ಆತನೊಡನೆ ಅಲ್ಲಿಯೇ ಇದ್ದರು. ಕೃತಿಯ ಮರುಭೂಮಿಯಲ್ಲಿ ತೊಟ್ಟಿಲಿಗೆ ಸ್ಥಳವಿಲ್ಲ.

ಕಲೆಗಾರನಿಗೆ ಆಯ್ಕೆಯ ಸ್ವಾತಂತ್ರ್ಯವುಂಟು. ಕಂಡುದನ್ನೆಲ್ಲ ಬರೆದರೆ ಅದು ಕೃತಿಯಲ್ಲ, ಕಡತ, ಎನ್ನಬಹುದು. ಒಪ್ಪುತ್ತೇನೆ. ಆದರೆ ಈ ಇಬ್ಬರೂ ಬಿಟ್ಟದ್ದು ಯಾವುದೋ ಊರನ್ನಲ್ಲ, ಬೆಟ್ಟವನ್ನಲ್ಲ. ತಮ್ಮ ಪಕ್ಕದಲ್ಲಿದ್ದ ಮನುಷ್ಯರನ್ನು. ಅವರನ್ನು ಬಿಟ್ಟದ್ದರಿಂದ ಏಕಾಂತವೆಂಬ ರಸ ಹುಟ್ಟಿತು. ಓದುಗನು ಆ ರಸಕ್ಕೆ ಮನಸೋತನು. ರಸದ ಮೂಲದಲ್ಲಿಯೇ ಇಂಥ ಮರೆಮಾಚುವಿಕೆಯಿದ್ದರೆ ಅದನ್ನು ಗುರುತಿಸುವುದು ವಿಮರ್ಶೆಯ ಕರ್ತವ್ಯ.

ಇವರ ಎದುರಿಗೆ ಇಡತಕ್ಕ ಲೇಖಕ ಎಡ್ವಿನ್ ವೇ ಟೀಲ್. ನಮ್ಮಲ್ಲಿ ಈತನ ಹೆಸರು ಅಷ್ಟಾಗಿ ಕೇಳಿಬಂದಿಲ್ಲ. 1947ರ ಫೆಬ್ರವರಿಯಲ್ಲಿ ಈತನೂ ಹೆಂಡತಿ ನೆಲ್ಲಿಯೂ ಫ್ಲಾರಿಡದ ಎವರ್‌ಗ್ಲೇಡ್ಸ್ ಜೌಗುನೆಲದಿಂದ ಹೊರಟರು. ಅದು ರಾಷ್ಟ್ರೀಯ ಉದ್ಯಾನವಾಗಿ ಉದ್ಘಾಟನೆಗೊಂಡದ್ದು ಆ ವರ್ಷದ ಡಿಸೆಂಬರಿನಲ್ಲಿ. ವಸಂತವು ಉತ್ತರಕ್ಕೆ ದಿನಕ್ಕೆ ಸುಮಾರು 15 ಮೈಲಿಯಂತೆ ಸಾಗುತ್ತದೆಂಬುದು ಟೀಲನ ಲೆಕ್ಕ. ಆ ವಸಂತದ ಜೊತೆಗೇ ತಾವೂ ಸಾಗಬೇಕೆಂಬುದು ದಂಪತಿಗಳ ಸಂಕಲ್ಪ. ಕಪ್ಪು ಬ್ಯೂಯಿಕ್ ಕಾರಿನಲ್ಲಿ 17,000 ಮೈಲಿ ಸುತ್ತಿ, ಜೂನ್ ತಿಂಗಳಲ್ಲಿ ನ್ಯೂ ಹ್ಯಾಂಪ್‌ಷೈರಿನ ಬೆಟ್ಟಗಳಲ್ಲಿ ಅವರು ಋತುವಿನ ಕೊನೆಯನ್ನು ಕಂಡರು. ‘ನಾರ್ತ್ ವಿತ್ ದ ಸ್ಪ್ರಿಂಗ್’ 1951ರಲ್ಲಿ ಬಂದಿತು. ಅನಂತರ ಶರತ್ಕಾಲ, ಬೇಸಗೆ, ಚಳಿಗಾಲಗಳಿಗೆ ಒಂದೊಂದು ಪಯಣ, ಒಂದೊಂದು ಹೊತ್ತಗೆ. ಕೊನೆಯ ‘ವಾಂಡರಿಂಗ್ ಥ್ರೂ ವಿಂಟರ್’ಗೆ 1966ರಲ್ಲಿ ಪುಲಿಟ್ಜರ್ ಬಹುಮಾನ ದೊರೆಯಿತು.

ಈ ದಂಪತಿಗಳಿಗೆ ಒಬ್ಬನೇ ಮಗ, ಡೇವಿಡ್. ಎರಡನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ, 1945ರ ಮಾರ್ಚಿನಲ್ಲಿ, ಜರ್ಮನಿಯಲ್ಲಿ ಆತನು ಮಡಿದನು. ಹೊತ್ತಗೆಯ ಅರ್ಪಣೆ ಆತನಿಗೆ. ಒಳಗೆ ಶೋಕದ ಮಾತು ಬಲು ಕಡಮೆ. ಹಕ್ಕಿಗಳ ವಲಸೆ, ಎಲೆಯ ಚಿಗುರು, ಕೀಟಗಳ ಬದುಕು ಇವೇ ಪುಟಪುಟದಲ್ಲಿಯೂ. ಆದರೆ ಅರ್ಪಣೆಯನ್ನು ಓದಿ ಮುಂದೆ ಹೋದವನಿಗೆ, ಎಂದೂ ತಪ್ಪದೆ ಮರಳಿ ಬರುವ ವಸಂತದ ಬೆನ್ನುಹತ್ತಿ ಈ ತಂದೆತಾಯಿಗಳು ಏಕೆ ಹೊರಟರೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಇಲ್ಲಿಯ ‘ನಾವು’ ಎಂಬ ಸರ್ವನಾಮಕ್ಕೆ ಅಷ್ಟು ತೂಕವಿದೆ. ಹಕ್ಕಿಗಳನ್ನು ಬಲ್ಲ ನೆಲ್ಲಿ ಬರಿಯ ಜೊತೆಗಾರ್ತಿಯಲ್ಲ. ಆಕೆಯ ಕಣ್ಣು ಕಿವಿಗಳೂ ಈ ಬರವಣಿಗೆಗೆ ದುಡಿದಿವೆ.

ನಮ್ಮ ಕಾವ್ಯಪರಂಪರೆಗೆ ಇಂಥ ಸಹಯಾತ್ರೆ ಹೊಸದಲ್ಲ. ರಘುವಂಶದ ಹದಿಮೂರನೆಯ ಸರ್ಗದಲ್ಲಿ ಶ್ರೀರಾಮನು ಪುಷ್ಪಕದಿಂದ ಸೀತೆಗೆ ಭೂಮಿಯನ್ನು ತೋರಿಸುತ್ತಾನೆ. ನಿನ್ನ ಕಾಲ್ಗೆಜ್ಜೆ ಸಿಕ್ಕಿದ್ದು ಇಲ್ಲಿ, ನಿನ್ನನ್ನು ನೆನೆದು ನಾನು ಅತ್ತದ್ದು ಇಲ್ಲಿ ಎನ್ನುತ್ತಾನೆ. ಕಾಳಿದಾಸನಲ್ಲಿ ಸ್ಥಳಕ್ಕೆ ಅರ್ಥ ಬರುವುದು ದಂಪತಿಗಳು ಪಟ್ಟ ಪಾಡಿನಿಂದ. ಆದರೆ ಅಲ್ಲಿ ತೋರಿಸುವವನು ರಾಮ, ನೋಡುವವಳು ಸೀತೆ. ವಾಲ್ಮೀಕಿಯಲ್ಲಿ ಹಾಗಲ್ಲ, ಕಿಷ್ಕಿಂಧೆಯ ಮೇಲೆ ಬಂದಾಗ, ತಾರೆ ಮೊದಲಾದ ಸ್ತ್ರೀಯರೂ ತನ್ನೊಡನೆ ಅಯೋಧ್ಯೆಗೆ ಬರಲೆಂದು ಸೀತೆ ಕೇಳುತ್ತಾಳೆ, ವಿಮಾನ ನಿಲ್ಲುತ್ತದೆ. ಯಾರ ಮಾತಿಗೆ ವಾಹನ ನಿಂತಿತೆಂಬುದು ಸಣ್ಣ ಸಂಗತಿಯಲ್ಲ.

ಈ ಅಳತೆಗೋಲಿನಿಂದ ಟೀಲನನ್ನು ಅಳೆದರೆ ಕೊರತೆಯೂ ಕಾಣುತ್ತದೆ. ನೆಲ್ಲಿ ಕಂಡದ್ದು ಪುಸ್ತಕದಲ್ಲಿದೆ. ಆಕೆಗೆ ಅನಿಸಿದ್ದು ಅಷ್ಟಾಗಿ ಇಲ್ಲ. ಹೊದಿಕೆಯ ಮೇಲೆ ಒಂದೇ ಹೆಸರು. ಮಗನನ್ನು ಕಳೆದುಕೊಂಡ ತಾಯಿ ಆ ವಸಂತವನ್ನು ಹೇಗೆ ಕಂಡಳೆಂಬುದನ್ನು ಆಕೆಯ ಮಾತಿನಲ್ಲಿಯೇ ಕೇಳಬೇಕೆಂದು ಓದುಗನಿಗೆ ಆಸೆಯಾಗುತ್ತದೆ; ಆ ಆಸೆ ಈಡೇರುವುದಿಲ್ಲ. ಟೀಲ್ 1980ರಲ್ಲಿ ತೀರಿಕೊಂಡನು. ಆಕೆ 1993ರವರೆಗೆ ಬದುಕಿದ್ದಳು. ಶೈಲಿಯಲ್ಲಿ ಸ್ಟೈನ್‌ಬೆಕ್ಕನ ಹಾಸ್ಯವಾಗಲಿ ಆಬಿಯ ಕಾವಾಗಲಿ ಟೀಲನಿಗಿಲ್ಲವೆಂಬುದೂ ನಿಜ. ಕೆಲವೆಡೆ ಮಾಹಿತಿ ಹೆಚ್ಚಾಗಿ ಓಟ ತಡವರಿಸುತ್ತದೆ. ಆದರೂ ಮೂವರಲ್ಲಿ ಪಕ್ಕದ ಆಸನವನ್ನು ಖಾಲಿಯೆಂದು ತೋರಿಸದೆ ಬಿಟ್ಟವನು ಆತನೊಬ್ಬನೇ.

ನಮ್ಮಲ್ಲಿಯೂ ಅಮೆರಿಕ ಪ್ರವಾಸದ ಕಥನಗಳಿಗೆ ಕಡಮೆಯಿಲ್ಲ. ‘ಅಮೆರಿಕದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಮೇಲೆ ಆ ಪ್ರಕಾರಕ್ಕೆ ಒಂದು ಮನ್ನಣೆಯೂ ದೊರೆತಿದೆ. ಮಕ್ಕಳ ಮನೆಗೆಂದು ಹೋದ ತಂದೆತಾಯಿಗಳು ಗ್ರಾಂಡ್ ಕ್ಯಾನಿಯನ್ನನ್ನೋ ಯೊಸೆಮಿಟಿಯನ್ನೋ ನೋಡಿಬರುತ್ತಾರೆ; ಯಜಮಾನರು ಪುಸ್ತಕ ಬರೆಯುತ್ತಾರೆ. ಅಂಥ ಅನೇಕ ಪುಸ್ತಕಗಳಲ್ಲಿ ‘ನನ್ನ ಶ್ರೀಮತಿ’ ವಿಮಾನ ಹತ್ತುವಾಗ ಒಮ್ಮೆ, ಪುಳಿಯೋಗರೆಯ ಡಬ್ಬಿ ತೆರೆಯುವಾಗ ಒಮ್ಮೆ ಬಂದು ಹೋಗುತ್ತಾರೆ. ಆ ಮಹಾಕಂದರದ ಅಂಚಿನಲ್ಲಿ ನಿಂತು ಆಕೆ ಏನೆಂದರು? ಅಷ್ಟನ್ನು ಕೇಳಿ ಬರೆದಿಟ್ಟರೆ ಸಾಕು, ಆ ಪುಸ್ತಕ ಈಗಿರುವುದಕ್ಕಿಂತ ನಿಜವಾಗುತ್ತದೆ.