ಕುಲಾಲನ ತಂದೆ

ತರ್ಕಶಾಸ್ತ್ರವನ್ನು ಸ್ವಲ್ಪವಾದರೂ ಓದಿದವರಿಗೆ ಘಟವು ಚಿರಪರಿಚಿತವಾದ ವಸ್ತು. ಕಾರ್ಯಕ್ಕೆ ಉದಾಹರಣೆ ಬೇಕೆಂದರೆ ಘಟ, ದ್ರವ್ಯಕ್ಕೆ ಬೇಕೆಂದರೆ ಘಟ, ಅಭಾವವನ್ನು ಹೇಳಬೇಕಾದರೂ ನೆಲದ ಮೇಲೆ ಘಟವಿಲ್ಲವೆಂದೇ ಹೇಳತಕ್ಕದ್ದು. ವೇದಾಂತಿಗಳಿಗೂ ಅದಿಲ್ಲದೆ ಸಾಗದು. ಛಾಂದೋಗ್ಯದಲ್ಲಿ ಆರುಣಿಯು ಮಗನಾದ ಶ್ವೇತಕೇತುವಿಗೆ ಉಪದೇಶಿಸುವಾಗ ಮೊದಲು ಕೈಗೆತ್ತಿಕೊಳ್ಳುವ ದೃಷ್ಟಾಂತ ಮಣ್ಣಿನ ಮುದ್ದೆ. ಜೀವಬ್ರಹ್ಮೈಕ್ಯವನ್ನು ಬೋಧಿಸುವವರು ಒಡೆಯುವುದು ಘಟಾಕಾಶದ ಘಟವನ್ನು. ಇಷ್ಟು ಕಾಲ ಇಷ್ಟು ಪಂಡಿತರ ಬಾಯಲ್ಲಿ ಓಡಾಡಿದ ಆ ಪಾತ್ರೆಯನ್ನು ಮಾಡಿದವನು ಯಾರು, ಹೇಗೆ ಮಾಡಿದನು, ಅದು ಚೆನ್ನಾಗಿತ್ತೇ ಇಲ್ಲವೇ ಎಂದು ಕೇಳಿದವರು ಮಾತ್ರ ವಿರಳ.

ವಿಶ್ವನಾಥ ಪಂಚಾನನನು ೧೭ನೆಯ ಶತಮಾನದಲ್ಲಿ ರಚಿಸಿದ ಕಾರಿಕಾವಳಿಯಲ್ಲಿ, ಕಾರ್ಯಕ್ಕೆ ಮುಂಚೆ ಇದ್ದರೂ ಕಾರಣವೆನಿಸಿಕೊಳ್ಳಲಾರದವುಗಳನ್ನು ಅನ್ಯಥಾಸಿದ್ಧಗಳೆಂದು ಕರೆದು ಐದು ಬಗೆಯಾಗಿ ಎಣಿಸಿದೆ. ಇಲ್ಲಿಯೂ ಉದಾಹರಣೆ ಘಟವೇ. ತಿಗುರಿಯನ್ನು ತಿರುಗಿಸುವ ದಂಡದಲ್ಲಿರುವ ದಂಡತ್ವ, ಆ ದಂಡದ ಬಣ್ಣ, ಆಕಾಶ, ಕುಲಾಲನ ತಂದೆ, ಕೊನೆಯದಾಗಿ ಮಣ್ಣು ಹೊತ್ತು ತಂದ ಕತ್ತೆ. ಇವು ಘಟಕ್ಕೆ ಕಾರಣಗಳಲ್ಲ. ಪಾಠಶಾಲೆಗಳಲ್ಲಿ ಈ ಭಾಗ ಬಂದಾಗ ವಿದ್ಯಾರ್ಥಿಗಳು ಕತ್ತೆಗಾಗಿ ನಗುವುದುಂಟು. ಅದರ ಪಕ್ಕದಲ್ಲಿ ಕುಳಿತಿರುವ ತಂದೆಯನ್ನು ಯಾರೂ ಗಮನಿಸುವುದಿಲ್ಲ.

ಕತ್ತೆಯ ವಿಷಯದಲ್ಲಿ ವಿವಾದವಿಲ್ಲ. ಬೆಂಗಳೂರಿನಲ್ಲಿ ಈಗ ಅದರ ಕೆಲಸವನ್ನು ಆಟೋರಿಕ್ಷಾ ವಹಿಸಿಕೊಂಡಿದೆ. ತಂದೆಯ ವಿಷಯ ಅಷ್ಟು ಸುಲಭವಲ್ಲ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಗಳಂತಹ ಬಡಾವಣೆಗಳಲ್ಲಿ, ಮೂವತ್ತು ನಲವತ್ತರ ನಿವೇಶನದ ಮನೆಯ ಮಹಡಿಯಲ್ಲಿ ಒಂದು ಕೋಣೆಯನ್ನು ಬಿಡಿಸಿಕೊಂಡು, ಬಟ್ಟಲು ಬೋಗುಣಿ ತಟ್ಟೆ ಹೂಜಿಗಳನ್ನು ಮಾಡಿ ಮಾರುವ ಗೃಹಕಲಾವಿದರು ಈಚೆಗೆ ಕಾಣಬರುತ್ತಿರುವರು. ಇವರಲ್ಲಿ ಹೆಂಗಸರೂ ಉಂಟು, ಬೇರೆ ಉದ್ಯೋಗವನ್ನು ಬಿಟ್ಟು ಬಂದವರೂ ಉಂಟು. ಹೆಚ್ಚಿನವರ ತಂದೆ ಕುಂಬಾರನಲ್ಲ. ಗುಮಾಸ್ತ, ಉಪಾಧ್ಯಾಯ, ಕಾರ್ಖಾನೆಯ ಇಂಜಿನಿಯರು. ತರ್ಕಶಾಸ್ತ್ರದ ಮಾತು ಇವರಲ್ಲಿ ಅಕ್ಷರಶಃ ನಿಜವಾದಂತಾಯಿತು: ತಂದೆಯಿಲ್ಲದೆಯೇ ಕುಲಾಲನು ಸಿದ್ಧನಾದನು. ಹಾಗಾದರೆ ಇವರ ಕೃತಿಗಳನ್ನು ಯಾವ ಅಳತೆಯಿಂದ ಅಳೆಯಬೇಕು? ಈಗ ನಡೆಯುತ್ತಿರುವುದು ಬಹುಮಟ್ಟಿಗೆ ಸ್ತುತಿ. ಕೈಯಿಂದ ಮಾಡಿದ್ದೆಂದರೆ ಸಾಕು, ಸೊಟ್ಟಗಿದ್ದರೂ ಸೊಗಸೆನ್ನುವರು. ಸ್ತುತಿಯಿಂದ ಕೊಳ್ಳುವವರಿಗೂ ಉಪಕಾರವಿಲ್ಲ, ಮಾಡುವವರಿಗಂತೂ ಅಪಕಾರವೇ.

ಕಾವ್ಯಗಳಲ್ಲಿ ಅಳತೆ ದೊರೆಯುವುದೋ ಎಂದು ನೋಡಿದರೆ ಶೂದ್ರಕನ ಮೃಚ್ಛಕಟಿಕವು ಮೊದಲು ನೆನಪಿಗೆ ಬರುತ್ತದೆ. ನಾಟಕಕ್ಕೆ ಹೆಸರು ಕೊಟ್ಟದ್ದೇ ಮಣ್ಣಿನ ಬಂಡಿ. ನೆರೆಯ ಹುಡುಗನ ಚಿನ್ನದ ಬಂಡಿಗಾಗಿ ಅಳುವ ರೋಹಸೇನನನ್ನು ಸಮಾಧಾನಪಡಿಸಲು ದಾಸಿಯಾದ ರದನಿಕೆಯು ಅದನ್ನು ತಾನೇ ಮಾಡಿಕೊಟ್ಟಳು. ಕುಲಾಲವೃತ್ತಿಯವಳಲ್ಲದ ಹೆಂಗಸೊಬ್ಬಳು ಮನೆಯಲ್ಲಿ ಮಣ್ಣಿನ ಕೆಲಸ ಮಾಡಿದುದಕ್ಕೆ ಸಂಸ್ಕೃತದಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ. ಆದರೆ ಹುಡುಗನಿಗೆ ಅದು ಬೇಡ. ವಸಂತಸೇನೆಯು ತನ್ನ ಒಡವೆಗಳನ್ನು ತುಂಬಿದ ಮೇಲೆಯೇ ಬಂಡಿಗೆ ಕಥೆಯಲ್ಲಿ ಬೆಲೆ. ವಸಂತಸೇನೆಯ ಔದಾರ್ಯಕ್ಕೆ ಕಣ್ಣೀರಿಡುವ ಪ್ರೇಕ್ಷಕರು ರದನಿಕೆಯ ಕೈಗೆಲಸ ಹೇಗಿತ್ತೆಂದು ಕೇಳುವುದಿಲ್ಲ, ಕವಿಯೂ ಹೇಳಲಿಲ್ಲ.

ಹರಿಹರನ ಕುಂಬಾರ ಗುಂಡಯ್ಯನ ರಗಳೆ ಇದಕ್ಕಿಂತ ಮುಂದೆ ಹೋಗಿದೆ. ಗುಂಡಯ್ಯನು ಮಡಕೆಗಳನ್ನು ಬಡಿಯುತ್ತ ಆ ನಾದಕ್ಕೆ ಕುಣಿಯುವನು. ನಾದವನ್ನು ಕೇಳಿದ ಶಿವನೂ ಕುಣಿಯತೊಡಗುವನು. ಭಕ್ತಿಯ ಮಹಿಮೆಯೆಂದು ಇದನ್ನು ವ್ಯಾಖ್ಯಾನಿಸುವುದು ವಾಡಿಕೆ, ಅದು ಸರಿಯೂ ಹೌದು. ಆದರೂ ಒಂದು ಅಂಶವನ್ನು ಬಿಡಬಾರದು. ಬೆಂದ ಮಡಕೆಯನ್ನು ತಟ್ಟಿ ನೋಡುವುದು ಕುಂಬಾರನು ದಿನವೂ ಮಾಡುವ ಪರೀಕ್ಷೆ. ಬಿರುಕಿಲ್ಲದ್ದು ಗಂಟೆಯಂತೆ ನುಡಿಯುತ್ತದೆ, ಸೀಳಿದ್ದು ಒಡಕುದನಿ ಕೊಡುತ್ತದೆ. ಕೊಳ್ಳುವ ಗೃಹಿಣಿಯೂ ಸಂತೆಯಲ್ಲಿ ಹಾಗೆಯೇ ತಟ್ಟಿ ಕೊಳ್ಳುವಳು. ಶಿವನನ್ನು ಕುಣಿಸಿದ ನಾದವು ಕೆಲಸ ಚೆನ್ನಾಗಿದೆಯೆಂಬುದನ್ನು ತಿಳಿಸುವ ನಾದವೂ ಆಗಿತ್ತು. ಹರಿಹರನು ಬೇಕೆಂದೇ ಇದನ್ನು ಆರಿಸಿಕೊಂಡನೋ, ಕುಂಬಾರರ ಕೇರಿಯಲ್ಲಿ ಕೇಳಿದ ಸದ್ದು ತಾನಾಗಿಯೇ ಪದ್ಯಕ್ಕೆ ಬಂದಿತೋ, ಹೇಗಾದರೂ ಕುಶಲತೆಯನ್ನು ಬಿಟ್ಟು ಭಕ್ತಿಯನ್ನು ಕೊಂಡಾಡುವ ಕವಿಗಳಿಗೆ ಇಂಥ ಸದ್ದು ಕೇಳಿಸುವುದಿಲ್ಲ.

ಗುಂಡಯ್ಯನ ಪತ್ನಿಯಾದ ಕೇತಲದೇವಿಯು ವಚನಕಾರ್ತಿ. ಕುಂಭೇಶ್ವರನ ಅಂಕಿತದಲ್ಲಿರುವ ಆಕೆಯ ವಚನವು ಮಣ್ಣಿನ ಹದದ ಮಾತಿನಿಂದಲೇ ಹೊರಟು ವ್ರತದ ಮಾತಿಗೆ ಹೋಗುತ್ತದೆ. ಪಂಡಿತರ ದೃಷ್ಟಾಂತದಲ್ಲಿ ಮಣ್ಣು ಎಂದರೆ ಬರಿಯ ಮಣ್ಣು. ಕೇತಲದೇವಿಗೆ ಹದವಾದ ಮಣ್ಣು ಬೇರೆ, ಹದವಿಲ್ಲದ್ದು ಬೇರೆ. ಕೈಯಿಂದ ಮುಟ್ಟಿದವರು ಮಾತ್ರ ಮಾಡಬಲ್ಲ ಭೇದವಿದು. ಮನೆಯೇ ಕಾರ್ಯಾಗಾರವಾಗಿದ್ದ, ಗಂಡ ತಿಗುರಿಯ ಮುಂದೆ ಕುಳಿತರೆ ಹೆಂಡತಿ ಮಣ್ಣನ್ನು ಹದಮಾಡುವ ಕುಂಬಾರರ ಬದುಕು ಈ ಒಂದು ಮಾತಿನ ಹಿಂದೆ ಇದೆ.

ಇಂದಿನ ಗೃಹಕಲಾವಿದರಿಗೂ ಮೊದಲ ತೊಡಕು ಹದವೇ. ಹಳೆಯ ಕುಂಬಾರನು ಕೆರೆಯಂಗಳದ ಮಣ್ಣನ್ನು ತಂದು ಕೊಳೆಹಾಕಿ, ತುಳಿದು, ಕಲ್ಲು ಆರಿಸಿ ಅದರ ಗುಣವನ್ನು ಅರಿಯುತ್ತಿದ್ದನು. ಬೆಂಗಳೂರಿನ ಕೆರೆಗಳಲ್ಲಿ ಎಷ್ಟೋ ಬಡಾವಣೆಗಳಾದವು, ಧರ್ಮಾಂಬುಧಿಯು ಬಸ್ಸು ನಿಲ್ದಾಣವಾಯಿತು. ಈಗಿನವರಿಗೆ ಮಣ್ಣು ದೂರದ ಊರುಗಳಿಂದ ಚೀಲದಲ್ಲಿ ಬರುತ್ತದೆ. ಅದನ್ನು ನಾದಿ, ಗಾಳಿಯನ್ನು ಹೊರಪಡಿಸಿ, ವಿದ್ಯುಚ್ಚಾಲಿತವಾದ ತಿಗುರಿಯ ನಡುವಿಗೆ ತಂದು ನಿಲ್ಲಿಸುವುದನ್ನು ಕಲಿಯಲು ತಿಂಗಳುಗಳು ಬೇಕು. ಬಟ್ಟಲು ಎದ್ದ ಮರುದಿನ, ತೊಗಲಿನಷ್ಟು ಗಟ್ಟಿಯಾದಾಗ, ಅಡಿಯನ್ನು ಕೆತ್ತಿ ಹಿಡಿಯನ್ನು ಅಂಟಿಸಬೇಕು. ಮಾರ್ಚಿಯ ಒಣಗಾಳಿಯಲ್ಲಿ ಅಂಚು ಬೇಗ ಒಣಗಿ ಬಿರಿಯುವುದು. ಮಳೆಗಾಲದಲ್ಲಿ ವಾರ ಕಳೆದರೂ ಆರದು. ಮೊದಲ ಬೇಯಿಸುವಿಕೆ ಸುಮಾರು ೯೫೦ ಡಿಗ್ರಿ ಸೆಂಟಿಗ್ರೇಡಿನಲ್ಲಿ. ಗಾಜಿನಂತಹ ಲೇಪವನ್ನು ಹಚ್ಚಿ ಎರಡನೆಯದು ೧೨೦೦ಕ್ಕೆ ಮೇಲೆ. ಆವಗೆ ಆರುವ ತನಕ ಬಾಗಿಲು ತೆರೆಯಕೂಡದು. ಒದ್ದೆ ಮಣ್ಣಿನಿಂದ ಕೊನೆಯ ಬೇಯಿಕೆಯ ವರೆಗೆ ವಸ್ತುವು ನೂರರಲ್ಲಿ ಹತ್ತು ಹನ್ನೆರಡರಷ್ಟು ಕುಗ್ಗುವುದು. ಎರಡು ಮೂರು ವಾರಗಳ ಶ್ರಮವು ಒಂದು ರಾತ್ರಿಯ ಬೆಂಕಿಯಲ್ಲಿ ವ್ಯರ್ಥವಾಗಬಹುದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷವೆಂಬ ಗಾದೆಯಲ್ಲಿನ ದೊಣ್ಣೆಯು ಇವರ ಪಾಲಿಗೆ ಆವಗೆಯೊಳಗೇ ಇರುತ್ತದೆ. ಇದರ ನಡುವೆ ಅಡುಗೆಯಾಗಬೇಕು, ಮಕ್ಕಳು ಶಾಲೆಗೆ ಹೋಗಬೇಕು. ಮಣ್ಣಿನ ನೀರನ್ನು ಬಚ್ಚಲಿಗೆ ಬಿಟ್ಟರೆ ಕೊಳವೆ ಕಟ್ಟುವುದು. ಒಣಗಿದ ಮಣ್ಣಿನ ದೂಳು ಶ್ವಾಸಕೋಶಕ್ಕೆ ಕೇಡು, ಆದುದರಿಂದ ನೆಲವನ್ನು ಗುಡಿಸದೆ ಒದ್ದೆಬಟ್ಟೆಯಿಂದ ಒರಸತಕ್ಕದ್ದು.

ಬೆಂಕಿಯ ಮಾತು ಬಂದುದರಿಂದ ಶಾಸ್ತ್ರಕಾರರಿಗೆ ಅನ್ಯಾಯವಾಗದಂತೆ ಒಂದು ವಿಷಯವನ್ನು ಹೇಳಬೇಕು. ಅವರು ಕುಂಬಾರನನ್ನು ನೋಡದಿದ್ದರೂ ಆವಗೆಯನ್ನು ನೋಡಿದ್ದರು. ಹಸಿಯ ಘಟ ಬೆಂದು ಕೆಂಪಾಗುವುದು ಹೇಗೆಂಬ ವಿಷಯದಲ್ಲಿ ವೈಶೇಷಿಕರು ಪೀಲುಪಾಕವನ್ನೂ ನೈಯಾಯಿಕರು ಪಿಠರಪಾಕವನ್ನೂ ಹೇಳಿದರು. ಬೆಂಕಿಯಲ್ಲಿ ಘಟವು ಪರಮಾಣುಗಳಾಗಿ ಬಿಡಿಬಿಡಿಯಾಗಿ, ಪರಮಾಣುಗಳು ಬೆಂದು, ಮತ್ತೆ ಘಟವಾಗುವುದೆಂದು ಮೊದಲಿನವರ ವಾದ. ಇಡಿಯ ಘಟವೇ ಇದ್ದಂತೆ ಬೇಯುವುದೆಂದು ಎರಡನೆಯವರದು. ಈಗಿನ ರಸಾಯನಶಾಸ್ತ್ರದ ಪ್ರಕಾರ ೫೦೦-೬೦೦ ಡಿಗ್ರಿಗಳ ಸುಮಾರಿಗೆ ಜೇಡಿಯ ಒಳರಚನೆಯಲ್ಲಿ ಸೇರಿಕೊಂಡಿದ್ದ ನೀರು ಹೊರಟು, ಆ ರಚನೆಯೇ ಕುಸಿದು ಬೇರೊಂದಾಗುವುದು. ೫೭೩ ಡಿಗ್ರಿಯಲ್ಲಿ ಬೆಣಚಿನ ಕಣಗಳು ಥಟ್ಟನೆ ಹಿಗ್ಗುವುವು; ಆವಗೆಯನ್ನು ಅವಸರದಿಂದ ಕಾಯಿಸಿದವರ ಅಥವಾ ಆರಿಸಿದವರ ಪಾತ್ರೆ ಸೀಳುವುದಕ್ಕೆ ಇದೂ ಒಂದು ಕಾರಣ. ಆಕಾರ ಮಾತ್ರ ಹೊರಗೆ ಹಾಗೆಯೇ ನಿಂತಿರುವುದು. ಎರಡು ಪಕ್ಷಗಳಿಗೂ ಅರ್ಧರ್ಧ ಜಯವೆನ್ನಬಹುದು. ಒಮ್ಮೆ ಬೆಂದದ್ದು ಮರಳಿ ಹಸಿಮಣ್ಣಾಗುವುದಿಲ್ಲವೆಂಬುದನ್ನು ಮಾತ್ರ ಆರುಣಿಯ ದೃಷ್ಟಾಂತವನ್ನು ಉದಾಹರಿಸುವವರು ಮನಸ್ಸಿನಲ್ಲಿಡುವುದು ಒಳ್ಳೆಯದು.

ಈಗ ಅಳತೆಯ ವಿಚಾರ. ಅಲಂಕಾರಶಾಸ್ತ್ರದಲ್ಲಿ ದೋಷಗಳನ್ನು ನಿತ್ಯ, ಅನಿತ್ಯವೆಂದು ವಿಂಗಡಿಸಿರುವುದು ವಾಚಕರಿಗೆ ವಿದಿತವೇ ಆಗಿದೆ. ಶ್ರುತಿಕಟುತ್ವವು ಶೃಂಗಾರದಲ್ಲಿ ದೋಷ, ರೌದ್ರದಲ್ಲಿ ಗುಣ. ವ್ಯಾಕರಣಕ್ಕೆ ವಿರುದ್ಧವಾದ ಪ್ರಯೋಗವು ಕವಿಯ ಸ್ವಂತ ಮಾತಿನಲ್ಲಿ ಎಲ್ಲಿಯೂ ದೋಷವೇ. ಮೃತ್ಪಾತ್ರೆಗಳಿಗೆ ಇದಕ್ಕಿಂತ ಒಳ್ಳೆಯ ಅಳತೆಯಿಲ್ಲ. ಸೋರುವ ಹೂಜಿ, ತುಟಿಯನ್ನು ಗೀರುವ ಅಂಚು, ಬಿಸಿಕಾಫಿ ಹೊಯ್ದಾಗ ಕಳಚುವ ಹಿಡಿ, ಹುಳಿಸಾರಿಗೆ ಸೀಸವನ್ನು ಬಿಡುವ ಲೇಪ, ಇವು ನಿತ್ಯದೋಷಗಳು. ಕೈಕೆಲಸವೆಂಬ ಹೆಸರು ಇವಕ್ಕೆ ಕ್ಷಮೆಯಲ್ಲ. ಒರಟಾದ ಮೈ, ಬೆರಳಿನ ಗೆರೆ, ಓರೆಯಾದ ಬಾಯಿ, ಲೇಪವು ಅಡಿಯ ತನಕ ಇಳಿಯದೆ ನಡುವೆ ನಿಂತಿರುವುದು, ಇವು ಅನಿತ್ಯ. ಹೂಗೊಂಚಲಿನ ಕೊಡಕ್ಕೆ ಒರಟುತನ ಒಪ್ಪಬಹುದು, ಅನ್ನದ ತಟ್ಟೆಗೆ ಒಪ್ಪದು. ಪರೀಕ್ಷೆ ಸುಲಭವಾಗಿದೆ: ಮಾಡಿದವರು ಹಾಗಲ್ಲದಂತೆಯೂ ಮಾಡಬಲ್ಲರೆ? ನೇರವಾದ ಹತ್ತು ಬಟ್ಟಲುಗಳನ್ನು ಒಂದೇ ಅಳತೆಯಲ್ಲಿ ಎಬ್ಬಿಸಬಲ್ಲವರ ಹನ್ನೊಂದನೆಯ ಓರೆಬಟ್ಟಲು ಕೃತಿ. ನೇರವಾಗಿ ಮಾಡಲು ಬಾರದವರದು ಅಭ್ಯಾಸದ ಬಟ್ಟಲು, ಅದು ಅಂಗಡಿಗೆ ಬಾರದೆ ಮಣ್ಣಿನ ಬುಟ್ಟಿಗೆ ಹಿಂದಿರುಗಬೇಕು. ಬೆಂಕಿಗೆ ಹೋಗುವ ಮೊದಲು ಅದು ಸಾಧ್ಯವಿರುವುದು ಮಣ್ಣಿನ ಕೃಪೆ. ಪದ್ಯಗಳಿಗೆ ಇಂಥ ಅನುಕೂಲವಿಲ್ಲ. ಅಚ್ಚಾದ ಮೇಲೆ ಯಾವ ನೀರಿನಲ್ಲಿಯೂ ಕರಗುವುದಿಲ್ಲ.

ಹತ್ತು ಬಟ್ಟಲುಗಳನ್ನು ಒಂದೇ ಅಳತೆಯಲ್ಲಿ ಮಾಡುವ ಈ ಕೈಬಳಕೆ ಎಲ್ಲಿಂದ ಬರುತ್ತದೆ ಎಂದು ಕೇಳಿದಾಗ ಕುಲಾಲನ ತಂದೆಯು ಮತ್ತೆ ಬಾಗಿಲಲ್ಲಿ ನಿಲ್ಲುವನು. ಕುಂಬಾರನ ಮಗನು ನಡೆಯಲು ಕಲಿಯುವ ಮೊದಲೇ ತಿಗುರಿಯನ್ನು ನೋಡಿರುತ್ತಾನೆ. ಗೃಹಕಲಾವಿದರು ಮಧ್ಯವಯಸ್ಸಿನಲ್ಲಿ ತಂದೆಯನ್ನು ಹುಡುಕಿಕೊಂಡು ಹೋಗಬೇಕು. ಇಂಗ್ಲೆಂಡಿನ ಬರ್ನಾರ್ಡ್ ಲೀಚನೂ ಹಾಗೆಯೇ ಹುಡುಕಿದವನು. ಜಪಾನಿನಲ್ಲಿ ಕೆನ್‌ಜಾನ್ ಪರಂಪರೆಯ ವೃದ್ಧ ಕುಂಬಾರನಲ್ಲಿ ಶಿಷ್ಯನಾಗಿ ಕಲಿತು, ಹಮಾಡಾನೊಡನೆ ೧೯೨೦ರಲ್ಲಿ ಸೇಂಟ್ ಐವ್ಸಿನಲ್ಲಿ ಆವಗೆ ಕಟ್ಟಿ, ೧೯೪೦ರಲ್ಲಿ ಬರೆದ ಕುಂಬಾರಿಕೆಯ ಗ್ರಂಥವು ಲೋಕದ ಗೃಹಕಲಾವಿದರಿಗೆಲ್ಲ ಪಠ್ಯವಾಯಿತು. ಸರ್ದಾರ್ ಗುರುಚರಣಸಿಂಗರು ದೆಹಲಿಯ ಪಠಾಣ ಕುಂಬಾರರಿಂದಲೂ ಜಪಾನಿನವರಿಂದಲೂ ಕಲಿತು ೧೯೫೨ರಲ್ಲಿ ಡೆಲ್ಲಿ ಬ್ಲೂ ಪಾಟರಿಯನ್ನು ಸ್ಥಾಪಿಸಿದರು. ಪುದುಚೇರಿಯಲ್ಲಿ ೧೯೭೧ರಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಆರಂಭಿಸಿದ ಗೋಲ್ಡನ್ ಬ್ರಿಜ್ ಪಾಟರಿಯಿಂದ ಬಂದ ಶಿಷ್ಯರು ದೇಶದಲ್ಲೆಲ್ಲ ಇದ್ದಾರೆ. ಬೆಂಗಳೂರಿನ ಬಟ್ಟಲುಗಳಲ್ಲಿ ಜಪಾನಿನ ಲಕ್ಷಣ ಕಾಣುವುದಕ್ಕೆ ಕಾರಣ ಈ ಗುರುಪರಂಪರೆ. ಅದರಲ್ಲಿ ತಪ್ಪೇನೂ ಇಲ್ಲ.

ತಪ್ಪಿರುವುದು ಹತ್ತಿರದ ತಂದೆಯನ್ನು ಮರೆತುದರಲ್ಲಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ೧೯೪೭ರಲ್ಲಿ ವ್ಹೀಲರನು ಅಗೆಯಿಸಿದಾಗ ಬೃಹತ್‌ಶಿಲಾ ಸಮಾಧಿಗಳಿಂದ ಹೊರಬಂದ ಪಾತ್ರೆಗಳಲ್ಲಿ ಒಂದೇ ಮೈ ಬಾಯಿಯ ಕಡೆ ಕಪ್ಪು, ಕೆಳಗೆ ಕೆಂಪು. ಗಾಳಿಯಾಡುವ ಬೆಂಕಿಯಲ್ಲಿ ಮಣ್ಣಿನ ಕಬ್ಬಿಣ ಕೆಂಪಾಗುವುದು, ಗಾಳಿಯಿಲ್ಲದ ಹೊಗೆಯಲ್ಲಿ ಕಪ್ಪಾಗುವುದು. ಎರಡನ್ನೂ ಒಂದೇ ಪಾತ್ರೆಯಲ್ಲಿ ಹಿಡಿದು ನಿಲ್ಲಿಸಿದವರು ಎರಡು ಸಾವಿರ ವರ್ಷಗಳ ಹಿಂದಿನ ಕನ್ನಡನಾಡಿನ ಕುಂಬಾರರು. ಮಹಡಿಯ ಮೇಲಿನ ವಿದ್ಯುದಾವಗೆಯಲ್ಲಿ ಹೊಗೆಯಿಲ್ಲದಿರುವುದರಿಂದ ಈ ಬಣ್ಣ ಸುಲಭಸಾಧ್ಯವಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರವು ಮಣ್ಣಿಗೂ ಕುಂಬಾರಿಕೆಯ ಶಿಕ್ಷಣಕ್ಕೂ ಹೆಸರಾದುದು. ಬೆಂಗಳೂರಿನಲ್ಲಿಯೇ ಬೆನ್ಸನ್ ಟೌನಿನ ಬಳಿಯ ಪಾಟರಿ ಟೌನಿನಲ್ಲಿ ವಂಶಪರಂಪರೆಯ ಕುಂಬಾರರು ಹಣತೆಗಳನ್ನೂ ಗಣಪತಿಗಳನ್ನೂ ಮಾಡುತ್ತ ಬಂದಿರುವರು. ಅಲ್ಲಿಯ ಹಣತೆಯನ್ನು ಡಜನ್ನಿನ ಲೆಕ್ಕದಲ್ಲಿ ಚೌಕಾಶಿ ಮಾಡಿ ಕೊಳ್ಳುವ ಗೃಹಸ್ಥರೇ, ಪ್ರದರ್ಶನದಲ್ಲಿ ಒಂದು ಬಟ್ಟಲಿಗೆ ನೂರಾರು ರೂಪಾಯಿಗಳನ್ನು ಮಾತಿಲ್ಲದೆ ಕೊಡುವರು. ಬಟ್ಟಲಿನ ಬೆಲೆ ಹೆಚ್ಚೆಂದು ಹೇಳುವಂತಿಲ್ಲ. ಮೇಲೆ ಹೇಳಿದ ಶ್ರಮಕ್ಕೆ ಅದು ಸಲ್ಲತಕ್ಕದ್ದೇ. ಒಬ್ಬರನ್ನು ಕಲಾವಿದರೆಂದೂ ಇನ್ನೊಬ್ಬರನ್ನು ಕಸಬುದಾರರೆಂದೂ ಕರೆಯುವುದಕ್ಕೆ ಆಧಾರವೇನು? ತಿಗುರಿಯ ಮೇಲೆ ಇಬ್ಬರನ್ನೂ ಕೂರಿಸಿದರೆ ಯಾರ ಕೈ ಮೇಲಾಗುವುದೆಂದು ಬಲ್ಲವರು ಗೃಹಕಲಾವಿದರೇ. ಅವರಲ್ಲಿ ಒಳ್ಳೆಯವರು ಅದನ್ನು ಮರೆಮಾಚುವುದಿಲ್ಲ.

ಇನ್ನು ವಿಶ್ವನಾಥನ ಮಾತು. ಕಾರಿಕಾವಳಿಗೆ ಅವನೇ ಬರೆದ ಮುಕ್ತಾವಳಿಯಲ್ಲಿ ಒಂದು ವಿಶೇಷವಿದೆ. ಕುಲಾಲನ ತಂದೆಯು ತಂದೆಯೆಂಬ ರೂಪದಿಂದ ಘಟಕ್ಕೆ ಕಾರಣನಲ್ಲ; ಆದರೆ ಕುಲಾಲನೆಂಬ ರೂಪದಿಂದ ಅವನನ್ನು ಕಾರಣನೆಂದರೆ ಅದು ಇಷ್ಟವೇ, ಏಕೆಂದರೆ ಕುಲಾಲನಾದವನು ಯಾವನಾದರೂ ಘಟಕ್ಕೆ ಕಾರಣನೇ ಸರಿ. ಪಾಠ ಹೇಳುವಾಗ ಕತ್ತೆಯನ್ನು ತಲಪುವ ಅವಸರದಲ್ಲಿ ಈ ವಾಕ್ಯವನ್ನು ಬೇಗನೆ ದಾಟಿಸಿಬಿಡುವುದು ರೂಢಿಯಾಗಿದೆ.